ಟರ್ಪೆಂಟೈನ್ ಸೀಸೆಯ ವಿಚಾರ

ಶ್ರೀನಿವಾಸಪುರ

ಚಿ. ಮಂಜುನಾಥನಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು. ಉಭಯ ಕುಶಲೋಪರಿ.

ಮೊನ್ನೆ ನಿನ್ನ ಕೊಟ್ಟಿಗೆಗೆ ಬಂದಿದ್ದಾಗ ಗೋಡೆಯ ಗೂಡಿನಲ್ಲಿ ಬೇವಿನೆಣ್ಣೆಯ ಪಕ್ಕದಲ್ಲಿದ್ದ ಟರ್ಪೆಂಟೈನ್ ಸೀಸೆಯನ್ನು ನೋಡಿದೆ. ಹಸುವಿನ ಗಾಯಕ್ಕೂ, ನಿನ್ನ ತಾಯಿಯ ಮಂಡಿನೋವಿಗೂ, ಕಿಟಕಿಗೆ ಬಳಿಯುವ ಬಣ್ಣಕ್ಕೂ ಅದೊಂದೇ ಸೀಸೆ ಎಂದು ನೀನು ಹೇಳಿದ್ದು ಊರಿಗೆ ಮರಳಿದ ಮೇಲೂ ಮನಸ್ಸನ್ನು ಕೊರೆಯುತ್ತಿರುವುದರಿಂದ ಈ ಪತ್ರ.

ನಿಜವಾದ ಟರ್ಪೆಂಟೈನ್ ಮರದ ಅಂಟಿನಿಂದ ಬರುವಂಥದ್ದು. ಹಿಮಾಚಲ, ಉತ್ತರಾಖಂಡದ ಬೆಟ್ಟಗಳಲ್ಲಿ ಪೈನ್ ಮರದ ಕಾಂಡಕ್ಕೆ ಕಚ್ಚು ಹಾಕಿ, ಸೋರುವ ಅಂಟನ್ನು ಬಟ್ಟಲಿನಲ್ಲಿ ಹಿಡಿದು ಬಟ್ಟಿ ಇಳಿಸಿದರೆ, ಆವಿಯಾಗಿ ಹೋಗಿ ತಣಿದು ಸಿಗುವುದು ಈ ಎಣ್ಣೆ, ತಳದಲ್ಲಿ ಉಳಿಯುವುದು ರಾಳ. ಬಣ್ಣದ ಅಂಗಡಿಯಲ್ಲಿ ಅದೇ ಹೆಸರಿನಿಂದ ಅಗ್ಗಕ್ಕೆ ಸಿಗುವುದು ಹೆಚ್ಚಾಗಿ ಪೆಟ್ರೋಲಿಯಂನಿಂದ ತೆಗೆದ ಮಿನರಲ್ ಟರ್ಪೆಂಟೈನ್. ಅದು ಬ್ರಷ್ ತೊಳೆಯುವುದಕ್ಕೆ ಸರಿ, ಮೈಗೆ ಸಲ್ಲದು. ಒಂದರಲ್ಲಿ ಹಸಿ ಮರದ ಘಾಟು, ಇನ್ನೊಂದರಲ್ಲಿ ಸೀಮೆಎಣ್ಣೆಯ ವಾಸನೆ. ನಾನು ಈ ಭೇದ ತಿಳಿಯದೆ, ಅಂಗಡಿಯವರು ಕೊಟ್ಟದ್ದನ್ನೇ ತಂದು ಒಂದು ಕರುವಿನ ತೊಡೆಯ ಗಾಯಕ್ಕೆ ಸುರಿದಿದ್ದೆ. ಎರಡು ದಿನದಲ್ಲಿ ಸುತ್ತಲಿನ ಕೂದಲು ಉದುರಿ, ಚರ್ಮ ಸುಟ್ಟ ಹಪ್ಪಳದಂತಾಗಿತ್ತು.

ಗಾಯಕ್ಕೆ ಹುಳ ಬಿದ್ದಾಗ ಮರದ ಟರ್ಪೆಂಟೈನ್ ಬಹಳ ಉಪಯೋಗಕ್ಕೆ ಬರುತ್ತದೆ. ಹತ್ತಿಯ ಉಂಡೆಯನ್ನು ಅದರಲ್ಲಿ ಅದ್ದಿ, ಹಿಂಡಿ, ಗಾಯದ ಬಾಯಿಗೆ ಇಟ್ಟರೆ ಒಳಗಿನ ಹುಳಗಳು ಉಸಿರು ಕಟ್ಟಿ ಒಂದೊಂದೇ ತಲೆಯೆತ್ತಿ ಹೊರಗೆ ಬರುತ್ತವೆ. ಆಗ ಚಿಮಟದಿಂದ ಹಿಡಿದು ತೆಗೆಯಬೇಕು. ಒಂದು ಒಳಗೆ ಉಳಿದರೂ ಮಾಡಿದ ಕೆಲಸ ವ್ಯರ್ಥ. ಬಳಿಕ ಹತ್ತಿಯನ್ನು ಹೊರಗೆ ತೆಗೆದು, ಗಾಯವನ್ನು ತೊಳೆದು, ನೊಣ ಕೂರದಂತೆ ಅಂಚಿಗೆ ಬೇವಿನೆಣ್ಣೆ ಸವರು. ಹತ್ತಿಯನ್ನು ರಾತ್ರಿಯೆಲ್ಲ ಅಲ್ಲೇ ಬಿಟ್ಟರೆ ಹುಳದ ಜೊತೆಗೆ ಒಳ್ಳೆಯ ಮಾಂಸವೂ ಬೇಯುತ್ತದೆ. ಕಣ್ಣಿನ ಹತ್ತಿರಕ್ಕೂ ಕೆಚ್ಚಲಿಗೂ ಇದು ಬೇಡವೇ ಬೇಡ. ಹೊಟ್ಟೆ ಉಬ್ಬರಕ್ಕೆ ಕಡಲೆಕಾಯಿ ಎಣ್ಣೆಯಲ್ಲಿ ಬೆರೆಸಿ ಕುಡಿಸುವ ಹಳೆಯ ಪದ್ಧತಿ ಇದೆಯಾದರೂ, ಔಷಧ ಕುಡಿಸುವ ಬಿದಿರಿನ ಗೊಟ್ಟದಲ್ಲಿ ಸುರಿಯುವಾಗ ಶ್ವಾಸನಾಳಕ್ಕೆ ಇಳಿದರೆ ಹಸು ಉಳಿಯುವುದು ಕಷ್ಟ, ಹಾಲಿಗೂ ವಾಸನೆ ಹತ್ತುತ್ತದೆ. ಆ ಕೆಲಸವನ್ನು ಪಶುವೈದ್ಯರಿಗೆ ಬಿಡು.

ಇನ್ನು ನಿನ್ನ ತಾಯಿಯ ಮಂಡಿ. ನೋವಿನ ಮುಲಾಮುಗಳಲ್ಲಿ ಕರ್ಪೂರ, ನೀಲಗಿರಿ ಎಣ್ಣೆಯ ಜೊತೆಗೆ ಈ ಎಣ್ಣೆಯೂ ಇರುತ್ತದೆ. ಚರ್ಮವನ್ನು ಕೆರಳಿಸಿ ರಕ್ತ ಹರಿಯುವಂತೆ ಮಾಡಿ, ಆ ಬಿಸಿಯಲ್ಲಿ ನೋವನ್ನು ಮರೆಸುವುದೇ ಅದರ ಗುಣ. ಸೀಸೆಯಿಂದ ನೇರವಾಗಿ ತಿಕ್ಕಿಕೊಂಡು ಮೇಲೆ ಬಿಸಿನೀರಿನ ಬಟ್ಟೆ ಸುತ್ತಿದರೆ ಬೊಬ್ಬೆ ಏಳುತ್ತದೆ. ಅವರಿಗೆ ಔಷಧದ ಅಂಗಡಿಯಿಂದ ಮುಲಾಮನ್ನೇ ತಂದುಕೊಡು, ಒಡೆದ ಚರ್ಮಕ್ಕೆ ಅದನ್ನೂ ಹಚ್ಚಬಾರದು.

ಜಂತುಹುಳಕ್ಕೆ ಸಕ್ಕರೆಯ ಮೇಲೆ ಹಾಕಿ ನುಂಗಬಹುದೆಂದು ಯಾರೋ ಹೇಳಿದ್ದನ್ನು ನೀನು ಪ್ರಸ್ತಾಪಿಸಿದೆಯಲ್ಲ, ಅದನ್ನು ನಾನು ಕೇಳಿಸಿಕೊಂಡೂ ಸುಮ್ಮನಿದ್ದದ್ದು ನನ್ನ ತಪ್ಪು. 15 ಮಿಲಿಲೀಟರ್, ಅಂದರೆ ಒಂದು ದೊಡ್ಡ ಚಮಚೆಯಷ್ಟು ಒಳಗೆ ಹೋದರೂ ಮಗುವಿನ ಪ್ರಾಣಕ್ಕೆ ಕುತ್ತು. ದೊಡ್ಡವರಿಗೂ ಮೂತ್ರಪಿಂಡ ಕೆಡುತ್ತದೆ. ಮಗು ಅಪ್ಪಿತಪ್ಪಿ ಕುಡಿದರೆ ವಾಂತಿ ಮಾಡಿಸಬೇಡ, ವಾಂತಿಯಲ್ಲಿ ಎಣ್ಣೆ ಶ್ವಾಸಕೋಶಕ್ಕೆ ಇಳಿಯುವುದೇ ದೊಡ್ಡ ಅಪಾಯ. ಸೀಸೆಯ ಸಮೇತ ನೇರವಾಗಿ ಆಸ್ಪತ್ರೆಗೆ ಓಡು.

ಬಣ್ಣದ ಕೆಲಸ ನಿನಗೇ ಗೊತ್ತು. ಒಲೆಯ ಬಳಿ ಮಾಡಬೇಡ. ಅಗಸೆ ಎಣ್ಣೆ ಬೆರೆಸಿ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯದೆ ಬಿಡಿಸಿ ಒಣಗಿಸು, ಮುದ್ದೆಯಾಗಿದ್ದರೆ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳುವುದುಂಟು.

ಶನಿವಾರದ ಬಸ್ಸಿಗೆ ಒಂದು ಸೀಸೆ ಮರದ ಎಣ್ಣೆಯನ್ನು ಕಳುಹಿಸುತ್ತೇನೆ, ಅದರ ಮೇಲೆ ‘ಹಸುವಿಗೆ ಮಾತ್ರ’ ಎಂದು ಚೀಟಿ ಅಂಟಿಸಿದ್ದೇನೆ. ಗೂಡಿನಲ್ಲಿರುವುದರ ಮೇಲೆ ‘ಬಣ್ಣಕ್ಕೆ’ ಎಂದು ನೀನೇ ಬರೆದು, ಮೊಮ್ಮಗನ ಕೈಗೆ ಎಟುಕದ ಅಟ್ಟಕ್ಕೆ ಏರಿಸು.

ಇಂತಿ ನಿನ್ನ ದೊಡ್ಡಪ್ಪ