ಅವ್ವಾ, ಮೊದಲ ಅಪ್ಪನ ತಲಿ ಸ್ಕ್ಯಾನ್

ಮೆಲ್ಬರ್ನ್, ರವಿವಾರ ರಾತ್ರಿ

ಅವ್ವಗ, ಅಪ್ಪಗ ಶರಣು. ನಾ ಇಲ್ಲಿ ಆರಾಮ ಇದ್ದೀನಿ, ನೀವೂ ಎಲ್ಲಾರೂ ಆರಾಮ ಇದ್ದೀರಿ ಅಂತ ಬರಿಲಾಕ ಹೊಂಟಿದ್ದೆ. ಅಪ್ಪ ಸೈಕಲ್ ಮ್ಯಾಲಿಂದ ಬಿದ್ದು ತಲಿಗಿ ಬಡ್ಕೊಂಡಾರ ಅಂತ ತಂಗಿ ಶಿಲ್ಪಾ ವಾಟ್ಸಾಪ್‌ದಾಗ ಕಳ್ಸಿದ ಪತ್ರ ಕಣ್ಣ ಎದುರಿಗೇ ಅದ, ಹಾಂಗ ಬರಿಲಾಕ ಮನಸು ಬರವಲ್ದು.

ಇದನ್ನ ಪೋಸ್ಟಿಗಿ ಹಾಕಿದ್ರ ಮುಟ್ಟೋದ್ರಾಗ ದೀಪಾವಳಿ ಬಂದಿರ್ತದ. ಅದಕ್ಕ ಬರದು ಮುಗಿಸಿ, ಫೋಟೋ ತೆಗದು ಶಿಲ್ಪಾಗ ವಾಟ್ಸಾಪ್ ಮಾಡ್ತೀನಿ, ಅಕಿ ಓದಿ ಹೇಳ್ಲಿ. ಫೋನ್ ಮಾಡಬಹುದಿತ್ತು. ಮಾಡಿದ್ರ ಅಪ್ಪ ಕಸ್ಗೊಂಡು "ಎಲ್ಲಾ ಛಲೋ ಅದ, ನಿಂದು ಊಟ ಆಯ್ತಾ?" ಅಂತ ಕೇಳಿ ಇಟ್ಟುಬಿಡ್ತಾರ. ಬರದದ್ದಾದ್ರ ಕಡೀತನಕ ಕೇಳ್ತಾರ. ಕಲಬುರಗಿ ಗಂಜ್ ಬಜಾರ್‌ದಾಗ ಮೂವತ್ತು ವರ್ಷ ದಾಲ್ ಮಿಲ್ಲಿನ ಲೆಕ್ಕ ಬರದ ಮನಷ್ಯಾ, ಕಾಗದಕ್ಕ ಕೊಡೋ ಬೆಲಿ ಮಗಳಿಗಿ ಕೊಡಲ್ಲ.

ನಂದು ಮೊದಲ ಹೇಳಿ ಮುಗಿಸ್ತೀನಿ. ನಾ ಸೈಕಲ್ ಮ್ಯಾಲಿಂದ ಬಿದ್ದದ್ದು ಖರೇ. ಕುತ್ತಿಗಿ ಬುಡದಾಗ ಕೈಗಿ ಹತ್ತತದಲ್ಲ ಆ ಎಲುಬು, ಕಾಲರ್ ಬೋನ್ ಅಂತಾರ, ಎಡಗಡಿದು ಮುರದದ. ಆಪರೇಷನ್ ಇಲ್ಲ, ಪ್ಲಾಸ್ಟರ್ ಇಲ್ಲ. ಕೊಳ್ಳಾಗ ಒಂದು ಅರಬಿ ಜೋಳಿಗಿ ಕಟ್ಟಿ ಕೈ ಅದರಾಗ ಇಟ್ಟಾರ. ಆರು ವಾರ ಅಂದಾರ, ಎರಡು ಮುಗದ್ವು. ಬಲಗೈ ಪೂರಾ ಛಲೋ ಅದ. ಅಕ್ಷರ ನೋಡು, ಮೊದಲಿನಂಗೇ ಸೊಟ್ಟ ಅವ. ರೊಟ್ಟಿ ಬಡಿಲಾಕ ಆಗಂಗಿಲ್ಲ ಅಷ್ಟೇ, ಅದು ಎರಡೂ ಕೈ ಇದ್ದಾಗೂ ಬರ್ತಿದ್ದಿಲ್ಲ. ನಿನಗ ಹೇಳ್ಲಿಲ್ಲ ಅಂತ ಸಿಟ್ಟಾಗಬ್ಯಾಡ. ಹೇಳಿದ್ರ ನೀ ಶರಣಬಸಪ್ಪನ ಗುಡಿಗಿ ಹೋಗಿ ಹರಕಿ ಹೊತ್ತು ಬರ್ತಿದ್ದಿ, ಅದನ್ನ ತೀರಿಸ್ಲಾಕ ನಾನೇ ಬರಬೇಕಾಗ್ತಿತ್ತು. ಬಸು ಕಾಕಾನ ಮಗ ಫೇಸ್‌ಬುಕ್‌ದಾಗ ಜೋಳಿಗಿ ಫೋಟೋ ನೋಡಿ ಊರ ತುಂಬ ಡಂಗುರ ಹೊಡೀತಾನ ಅಂತ ನಂಗೇನ್ ಗೊತ್ತು. ನನಗ ಹೆಣ್ಣು ಕೇಳ್ಲತ್ತಿರೋ ಸೇಡಂದವರಿಗಿ ಮಾತ್ರ ಹೇಳಬ್ಯಾಡ್ರಿ. ಹೇಳಿದ್ರೂ ಹೇಳ್ರಿ, ಮುರದ ಎಲುಬು ಕೂಡ್ತದ ಅನ್ನೋದು ತಿಳೀದ ಮನಿ ನಂಗೂ ಬ್ಯಾಡ.

ಹ್ಯಾಂಗ ಬಿದ್ದೆ ಅಂದ್ರ, ಇಲ್ಲಿ ಮೆರ್ರಿ ಕ್ರೀಕ್ ಅಂತ ಒಂದು ಹಳ್ಳ ಹರೀತದ. ಅದರ ದಂಡಿಗುಂಟ ಒಂದು ದಾರಿ. ಕಾರಿಲ್ಲ, ಬಸ್ಸಿಲ್ಲ, ನಡ್ಯಾವರೂ ಸೈಕಲ್ಲಿನವರೂ ಅಷ್ಟೇ. ಶೇರ್ಡ್ ಪಾತ್ ಅಂತಾರ. ಬೋರ್ಡಿನ್ಯಾಗ ಮ್ಯಾಲ ನಡ್ಯಾವರ ಚಿತ್ರ, ಕೆಳಗ ಸೈಕಲ್. ಎಲ್ಲಾರೂ ಎಡಕ್ಕ ಇರಬೇಕು, ನಡ್ಯಾವರಿಗಿ ಸೈಕಲ್ಲಿನವರೇ ದಾರಿ ಬಿಡಬೇಕು, ಗಂಟಿ ಇಲ್ಲದ ಸೈಕಲ್ ಹೊಡ್ಯಂಗಿಲ್ಲ. ನಾ ಅಂತೂ ನಮ್ಮೂರ ಸೂಪರ್ ಮಾರ್ಕೆಟ್ ಏರಿಯಾದಾಗ ಟಂಟಂ ಆಟೊ, ಎಮ್ಮಿ, ಹಣ್ಣಿನ ಬಂಡಿ, ಬೆನ್ನಿಗಿ ಹತ್ತಿ ಹಾರ್ನ್ ಹೊಡ್ಯಾವರು, ಇಷ್ಟರ ನಡುವ ಕಾಲೇಜಿಗಿ ಸೈಕಲ್ ಹೊಡದಾಕಿ. ಜಗತ್ ಸರ್ಕಲ್‌ದಾಗ ಒಂದಿನಾನೂ ಬಿದ್ದಿಲ್ಲ. ಆ ಧಿಮಾಕೇ ಇಲ್ಲಿ ಕೆಡವಿತು. ಅಲ್ಲಿ ಯಾಂವ ಎಲ್ಲಿಂದ ನುಗ್ತಾನೋ ಅಂತ ನಾಕೂ ಕಡಿ ಕಣ್ಣಿರ್ತದ. ಇಲ್ಲಿ ಖಾಲಿ ದಾರಿ ಕಂಡ ಕೂಡ್ಲೆ ಕಣ್ಣು ಮಕ್ಕೊಂಡುಬಿಡ್ತಾವ, ಕಾಲು ಮಾತ್ರ ಜೋರ ತುಳೀತಾವ.

ಆವತ್ತ ಮುಂಜಾನಿ ಮಳಿ ಬಂದು ನಿಂತಿತ್ತು. ಒಂದು ತಿರುವು, ಆಮ್ಯಾಲ ಕಟ್ಟಿಗಿ ಹಲಗಿದು ಸಣ್ಣ ಸೇತುವಿ. ತಿರುವು ದಾಟಿದ್ರ ಮುಂದ ಒಬ್ಬ ಹಿರ್ಯಾರು, ಅಪ್ಪನ ವಾರಿಗಿನವರು, ನಾಯಿ ಹಿಡಕೊಂಡು ಹೊಂಟಾರ. ಅವರು ಎಡಕ್ಕ, ನಾಯಿ ಬಲಕ್ಕ, ನಡುವ ಹಗ್ಗ. ಹಗ್ಗ ಅಂದ್ರ ದಾರದಂಥದ್ದು, ನಾಯಿ ಎಳದಷ್ಟೂ ಬಿಚ್ಚಕೋತ ಹೋಗೋದು, ದೂರಿಂದ ಕಾಣಂಗೇ ಇಲ್ಲ. ಗಂಟಿ ಬಾರಿಸ್ದೆ, ಆದ್ರ ತೀರಾ ಹತ್ರ ಬಂದ ಮ್ಯಾಲ. ಬೆನ್ನ ಹಿಂದ ಧಡಕ್ಕನ ಗಂಟಿ ಹೊಡದ್ರ ಮನಷ್ಯಾ ತಿರುಗಿ ನೋಡ್ತಾನ, ತಿರುಗಿದ ಕಡೀಗೇ ಹೆಜ್ಜಿ ಹೋಗ್ತದ. ಅವರು ಬಲಕ್ಕ ತಿರುಗಿದ್ರು, ನಾ ಹೊಂಟಿದ್ದೂ ಬಲಕ್ಕ. ಮುಂದಿನ ಬ್ರೇಕ್ ಗಚ್ಚಿ ಹಿಡದೆ. ತೊಯ್ದ ಹಲಗಿ ಮ್ಯಾಲ ಅದು ಎಣ್ಣಿ ಚೆಲ್ಲಿದ ಪರ್ಶಿ ಮ್ಯಾಲ ಓಡಿದಂಗ. ಗಾಲಿ ಸರ್ ಅಂತ ಹೋಯ್ತು. ಭುಜ ಮೊದಲ ಬಡೀತು, ಆಮ್ಯಾಲ ತಲಿ.

ಆ ಹಿರ್ಯಾರಿಗಿ ಏನೂ ಆಗ್ಲಿಲ್ಲ, ದೇವರ ದಯಾ. ಗ್ರೀಸ್ ದೇಶದಿಂದ ಸಣ್ಣಾಂವ ಇದ್ದಾಗ ಬಂದವರಂತ. ನಾಯಿ ನನ್ನ ಮಾರಿ ನೆಕ್ಕಲತ್ತಿತ್ತು, ಅವರದ್ದು ಅಳೋದೊಂದು ಬಾಕಿ ಇತ್ತು. ಅಂಬುಲೆನ್ಸ್ ಕರೀತೀನಿ ಅಂದ್ರು. ಅದರ ಬಿಲ್ ನೆನದು ನಾನೇ ಬ್ಯಾಡ್ರಿ ಅಂದೆ, ಟ್ಯಾಕ್ಸಿದಾಗ ಹೋದೆ. ತಪ್ಪು ಅವರದಲ್ಲ, ನಾಯಿದೂ ಅಲ್ಲ.

ಹೆಲ್ಮೆಟ್ ಎರಡು ಕಡಿ ಸೀಳಿತ್ತು. ಇಲ್ಲಿ ಸೈಕಲ್ಲಿಗೂ ಹೆಲ್ಮೆಟ್ ಕಡ್ಡಾಯ, 1990ರಿಂದ. ಜಗತ್ತಿನ್ಯಾಗ ಮೊದಲ ಆ ಕಾನೂನು ತಂದದ್ದೇ ಈ ವಿಕ್ಟೋರಿಯಾ ರಾಜ್ಯ. ಬಂದ ಹೊಸದಾಗಿ ನಾನೂ ನಕ್ಕಿದ್ದೆ. ನಮ್ಮಲ್ಲಿ ಮೋಟರ್‌ಸೈಕಲ್ಲಿನವರೇ ಹೆಲ್ಮೆಟ್ ಮೊಳಕೈಗಿ ಹಾಕ್ಕೊಂಡು ಹೋಗ್ತಾರ, ಪೊಲೀಸ್ ಕಂಡ್ರ ತಲಿಗಿ ಏರ್ತದ. ಈ ಹೆಲ್ಮೆಟ್ ಒಳಗ ಥರ್ಮಾಕೋಲಿನಂಥದ್ದು ಇರ್ತದ, ಪೆಟ್ಟು ಬಿದ್ದಾಗ ಅದು ತಾ ಒತ್ತಿ ಚಪ್ಪಟಿ ಆಗಿ ತಲಿಗಿ ಹೋಗೋ ಪೆಟ್ಟು ಕಡಿಮಿ ಮಾಡ್ತದ. ಒಮ್ಮಿ ಹಾಂಗ ಆದ್ರ ಮುಗೀತು, ಮತ್ತ ಹಾಕ್ಕೊಳ್ಳಂಗಿಲ್ಲ, ಹೊಸದೇ ತಗೋಬೇಕು.

ನಿನಗ ನಗಿ ಬರೋದೊಂದು ಹೇಳ್ತೀನಿ. ಆ ಹೆಲ್ಮೆಟ್ಟಿಗಿ ನಾ ಮುಳ್ಳು ಕಟ್ಟಿದ್ದೆ. ಇಲ್ಲಿ ಮ್ಯಾಗ್‌ಪೈ ಅಂತ ಕರಿ-ಬಿಳಿ ಹಕ್ಕಿ ಅದ, ಹೆಚ್ಚುಕಡಿಮಿ ನಮ್ಮ ಕಾಗಿಯಷ್ಟು. ಸೆಪ್ಟೆಂಬರ್, ಅಕ್ಟೋಬರ್‌ದಾಗ ಗೂಡಿನ್ಯಾಗ ಮರಿ ಇರ್ತಾವ ನೋಡು, ಆಗ ಅದರ ಗಿಡದ ಕೆಳಗ ಸೈಕಲ್ ಹೋದ್ರ ಹಿಂದಿನಿಂದ ಬಂದು ತಲಿಗಿ ಬಡೀತದ. ಮಂದಿ ಕೇಬಲ್ ಕಟ್ಟೋ ಪ್ಲಾಸ್ಟಿಕ್ ಪಟ್ಟಿ ಹೆಲ್ಮೆಟ್ ತುಂಬ ಸಿಗಸ್ಕೊಂಡು ಮುಳ್ಳಹಂದಿ ಆಗಿ ಆಫೀಸಿಗಿ ಹೋಗ್ತಾರ, ಸೂಟು ಹಾಕ್ಕೊಂಡವರು ಸೈತ. ನಮ್ಮಲ್ಲಿ ಕಾಗಿ ತಲಿ ಮುಟ್ಟಿದ್ರ ನೀ ಸ್ನಾನ ಮಾಡಿಸಿ ದೀಪಾ ಹಚ್ತಿದ್ದಿ. ಈ ಊರಿನ ಅಪಶಕುನ ಲೆಕ್ಕಾ ಹಿಡದ್ರ ಎಣ್ಣಿ ಸಾಲಂಗಿಲ್ಲ.

ಈಗ ಅಸಲು ಮಾತು. ಶಿಲ್ಪಾ, ಇಲ್ಲಿಂದ ಸಾವಕಾಶ ಓದು.

ದವಾಖಾನ್ಯಾಗ ನಾ ಭುಜ ಹಿಡಕೊಂಡು ಅಳ್ಲತ್ತಿದ್ದೆ, ನರ್ಸ್ ಭುಜದ ಮಾತೇ ತಗೀಲಿಲ್ಲ. ಮೊದಲ ಕೇಳಿದ್ದು ತಲಿದು. ಎಚ್ಚರ ತಪ್ಪಿತ್ತೇನು, ವಾಂತಿ ಆಯ್ತೇನು, ಹ್ಯಾಂಗ ಬಿದ್ದೆ ಅನ್ನೋದು ನೆನಪದಾ. ಆಮ್ಯಾಲ, "ರಕ್ತ ತೆಳು ಮಾಡೋ ಗುಳಗಿ ಏನರ ತಗೋತೀಯಾ?" ಇಲ್ಲ ಅಂದೆ. ಅದ್ಯಾಕ ಅಂತ ಸುಮ್ನ ಕೇಳ್ದೆ. ಆ ಗುಳಗಿ ತಗೊಳ್ಳಾವರು ತಲಿಗಿ ಬಡ್ಕೊಂಡ್ರ ಮ್ಯಾಲ ಆರಾಮ ಕಂಡ್ರೂ ನಾವು ಹಾಂಗೇ ಮನಿಗಿ ಕಳ್ಸಲ್ಲ ಅಂದ್ಳು. ಬುರುಡಿ ಒಳಗ ರಕ್ತ ಸಣ್ಣಗ ಜಿನಗತಿರ್ತದ, ನಿಲ್ಲೋದು ತಡಾ. ಅದು ಮಿದುಳಿಗಿ ಒತ್ತೋತನಕ ಗೊತ್ತಾಗಂಗಿಲ್ಲ, ದಿನಗಟ್ಟಲೆ, ಒಮ್ಮೊಮ್ಮಿ ವಾರಗಟ್ಟಲೆ. ವಯಸ್ಸಾದವರಿಗಿ ಇನ್ನೂ ಹೆಚ್ಚು.

ಆವತ್ತ ಹೂಂ ಅಂದು ಮರತೆ. ನಿನ್ನಿ ಶಿಲ್ಪಾನ ಪತ್ರ ಓದಿದ ಮ್ಯಾಲ ಆ ನರ್ಸಿನ ಮಾರಿನೇ ಕಣ್ಣ ಮುಂದ ಬರ್ಲತ್ತದ.

ಶಿಲ್ಪಾ ಬರದದ್ದನ್ನೇ ಬರೀತೀನಿ: "ಅಪ್ಪ ಸೋಮವಾರ ನಸುಕಿನ್ಯಾಗ ಶರಣಬಸವೇಶ್ವರ ಕೆರಿ ಕಡಿ ಸೈಕಲ್ ಮ್ಯಾಲಿಂದ ಬಿದ್ರು. ತಲಿಗಿ ಕಲ್ಲು ಬಡದು ಬುಗುಟಿ ಬಂದದ, ಅವ್ವ ಅರಿಷಿಣ ಹಚ್ಯಾಳ. ಈಗ ಆರಾಮ ಇದ್ದಾರ, ಜರಾ ತಲಿ ಹಿಡದದ ಅಂತಾರ. ಮಧ್ಯಾಹ್ನ ಭಾಳ ಹೊತ್ತು ಮಕ್ಕೋತಾರ, ಛಲೋ ಆಯ್ತು, ರೆಸ್ಟ್ ಆಗ್ತದ. ನಿನ್ನಿ ನನಗ ಶಾಂತತ್ತಿ ಹೆಸರಿಲಿ ಕರದ್ರು, ಎಲ್ಲಾರೂ ನಕ್ಕೇವು."

ನಗಬ್ಯಾಡ್ರಿ. ಅಪ್ಪ ಮಧ್ಯಾಹ್ನ ಯಾವಾಗ ಮಕ್ಕೊಂಡಾರ? ನೌಕರಿ ಬಿಟ್ಟು ಆರು ವರ್ಷ ಆಯ್ತು, ಉಂಡ ಮ್ಯಾಲ ಪೇಪರ್ ಹಿಡಕೊಂಡು ಕಟ್ಟಿಗಿ ಕೂಡ್ತಾರ, ಹೋಗಿ ಬರಾವರಿಗೆಲ್ಲ ತೊಗರಿ ರೇಟ್ ಕೇಳ್ತಾರ. ಹೃದಯದ ನಾಳಕ್ಕ ಸ್ಟೆಂಟ್ ಹಾಕಿದ ಮ್ಯಾಲ ಅವರು ದಿನಾ ತಗೊಳ್ಳೋ ಆ ಎರಡು ಸಣ್ಣ ಗುಳಗಿ ಅವಲ್ಲ, ಅವೇ ರಕ್ತ ತೆಳು ಮಾಡೋವು. ಇದನ್ನ ಓದಿದ ಕೂಡ್ಲೆ, ಇವತ್ತೇ ಕರ್ಕೊಂಡು ಹೋಗ್ರಿ. ಜಿಮ್ಸ್ ಸರಕಾರಿ ದವಾಖಾನಿ ಇರ್ಲಿ, ಬ್ಯಾರೆ ಇರ್ಲಿ, ತಲಿ ಸ್ಕ್ಯಾನ್ ಮಾಡೋ ಸಿ.ಟಿ. ಮಷೀನ್ ಎಲ್ಲಿ ಚಾಲೂ ಅದನೋ ಅಲ್ಲಿ. ಹೋದ ಕೂಡ್ಲೆ ಎರಡೇ ಮಾತು ಹೇಳ್ರಿ, ತಲಿಗಿ ಪೆಟ್ಟು ಬಿದ್ದದ, ರಕ್ತ ತೆಳು ಮಾಡೋ ಗುಳಗಿ ಚಾಲೂ ಅವ. ಗುಳಗಿ ಚೀಟಿ ಚೀಲದಾಗ ಇಟ್ಕೋರಿ. ಹೊಂಡೋದ್ರಾಗೇ ವಾಂತಿ ಆದ್ರ, ಮಾತು ತೊದಲಿದ್ರ, ಒಂದು ಕೈ-ಕಾಲು ಸೋತ್ರ, ಎಬ್ಬಿಸಿದ್ರ ಏಳಲಿಲ್ಲಂದ್ರ, ಗಾಡಿ ಹುಡುಕ್ಕೋತ ಕೂಡಬ್ಯಾಡ್ರಿ, 108 ಹಚ್ರಿ.

ನನ್ನ ಪತ್ರ ಓದಿ ಹೆದರಿ ಆ ಗುಳಗಿ ನೀವೇ ಬಂದ್ ಮಾಡಬ್ಯಾಡ್ರಿ ಮತ್ತ. ಹಾಂಗ ಬಿಟ್ರ ಸ್ಟೆಂಟಿನ್ಯಾಗ ರಕ್ತ ಹೆಪ್ಪುಗಟ್ಟಬಹುದು, ಅದೂ ಜೀವಕ್ಕ ಅಪಾಯ. ಬಿಡಬೇಕೋ ಬ್ಯಾಡೋ ಡಾಕ್ಟರ್ ಹೇಳ್ಲಿ. ತಲಿನೋವಿಗಂತ ಮೆಡಿಕಲ್‌ದಾಗ ಕೇಳಿ ಬ್ರೂಫೆನ್‌ನಂಥದ್ದು ತಂದು ನುಂಗಿಸಬ್ಯಾಡ್ರಿ, ಅದು ರಕ್ತಸ್ರಾವ ಹೆಚ್ಚು ಮಾಡ್ತದ.

ಅವ್ವಾ, ಗಾಬರಿ ಆಗಬ್ಯಾಡ. ಏನೂ ಇರಂಗಿಲ್ಲ. ಸ್ಕ್ಯಾನ್ ಐದು ಹತ್ತು ನಿಮಿಷದ್ದು, ಸೂಜಿ ಇಲ್ಲ, ನೋವಿಲ್ಲ, ಮಕ್ಕೊಂಡು ಏಳೋದು. ಏನೂ ಇಲ್ಲ ಅಂತ ಬರ್ತದ, ಅಪ್ಪ "ರೊಕ್ಕ ದಂಡ" ಅಂತ ನನಗ ಬೈತಾರ, ಬೈಲಿ. ನನಗ ಖಾತ್ರಿ ಅದ, ಪೂರಾ ಖಾತ್ರಿ ಅದ. ರೊಕ್ಕದ ಚಿಂತಿ ಬ್ಯಾಡ, ಶಿಲ್ಪಾನ ಖಾತೆಗಿ 20,000 ಇವತ್ತೇ ಹಾಕೀನಿ. ನನ್ನ ಎಲುಬಿನ ಖರ್ಚು ಇನ್ಶೂರೆನ್ಸ್‌ದವರು ನೋಡ್ಕೋತಾರ, ಅದರಾಗಿಂದ ಕಡದು ಕಳ್ಸೀನಿ ಅಂತ ತಿಳಕೋಬ್ಯಾಡ್ರಿ.

ಅಪ್ಪಾ, ನೀವು ಗೋಡಿ ಕಡಿ ಮಾರಿ ಮಾಡಿ ಕೇಳ್ಲತ್ತೀರಿ ಅಂತ ಗೊತ್ತದ. ಮೂವತ್ತು ವರ್ಷ ಬ್ರಹ್ಮಪುರದಿಂದ ಗಂಜ್‌ತನಕ ಸೈಕಲ್ ಹೊಡದವರಿಗಿ ನಾ ಏನ್ ಹೇಳ್ಲಿ. ಆದ್ರ ಗಂಜಿನ ದಾರ್ಯಾಗ ಲಾರಿ ಇದ್ವು, ನೀವು ಅವಕ್ಕ ಹೆದರಿ ಹೋಗ್ತಿದ್ರಿ. ಕೆರಿ ಕಡಿ ನಸುಕಿನ್ಯಾಗ ನಡಿಲಾಕ ಬರೋ ಮಂದಿಗಿ ನೀವೇ ಲಾರಿ. ಸಾಲು ಹಿಡದು ಮಾತಾಡ್ಕೋತ ಹೋಗ್ತಾರ, ಹಿಂದ ಕಣ್ಣಿರಂಗಿಲ್ಲ. "ಸರೀರಿ ಸರೀರಿ" ಅಂತ ಬೆನ್ನಿಗಿ ಬಂದು ಒದರಿದ್ರಿ, ಒಬ್ಬಾಕಿ ತಿರುಗಿದ್ಳು, ಹ್ಯಾಂಡಲ್‌ಗಿ ಸೆರಗು ಸಿಗ್ತು, ಅಷ್ಟೇ ಅಲ್ಲ? ನನಗಾದದ್ದೂ ಅದೇ, ನಾಯಿ ಒಂದು ಹೆಚ್ಚಿಗಿ. ದೂರಿದ್ದಾಗೇ ಗಂಟಿ ಬಾರಿಸಬೇಕು, ಅವರು ತಿರುಗಿ ನೋಡಿ ಸರಿಯೋತನಕ ಪೆಡಲ್ ಬಿಟ್ಟು ನಡ್ಯಾವರ ಸ್ಪೀಡಿಗಿ ಇಳೀಬೇಕು, ಜಾಗ ಸಾಲದಿದ್ರ ಇಳದು ದೂಡಬೇಕು. ಇಳಿಯೋದ್ರಾಗ ಮರ್ಯಾದಿ ಏನ್ ಹೋಗ್ತದ್ರಿ. ನಿಮ್ಮ ಸೈಕಲ್ಲಿನ ಗಂಟಿ ನಾ ಬರೋ ಮೊದಲೇ ಕೆಟ್ಟಿತ್ತು, ಡೈನಮೋ ಲೈಟ್ ಯಾವ ಕಾಲದಾಗ ಉರದದ್ದೋ. ಸೆಲ್ ಹಾಕೋ ಲೈಟ್ ಎರಡು, ಮುಂದ ಬಿಳಿದು ಹಿಂದ ಕೆಂಪಂದು, ಒಂದು ಗಂಟಿ, ಒಂದು ಹೆಲ್ಮೆಟ್, ಶಿಲ್ಪಾ ತರ್ತಾಳ. ಹೆಲ್ಮೆಟ್ ಮ್ಯಾಲ ಬೇಕಾದ್ರ ನಿಮ್ಮ ಟವಲ್ ಸುತ್ಕೋರಿ, ಕೆರಿ ದಂಡಿ ಮಂದಿ ಏನ್ ಅಂತಾರ ಅನ್ನೋ ಚಿಂತಿ ಇರಂಗಿಲ್ಲ. ಇದೆಲ್ಲ ಆಮ್ಯಾಲಿಂದು, ಮೊದಲ ಸ್ಕ್ಯಾನ್.

ಬ್ಯಾರೆ ಸುದ್ದಿ ಭಾಳ ಇತ್ತು, ಬರಿಲಾಕ ತಲಿ ಓಡವಲ್ದು. ಶೇಂಗಾ ಹಿಂಡಿ ಪಾರ್ಸೆಲ್ ಮುಟ್ಟಿತು, ಡಬ್ಬಿ ಒಡದಿಲ್ಲ. ಇಲ್ಲಿ ಈಗ ರಾತ್ರಿ ಹನ್ನೊಂದು, ನಿಮ್ಮಲ್ಲಿ ಸಂಜಿ ಐದೂವರಿ, ಅಂದ್ರ ಇದನ್ನ ಓದೋ ಹೊತ್ತಿಗಿ ಅಪ್ಪ ಎದ್ದಿರಬೇಕು. ಎದ್ದಾರೋ ಇಲ್ಲೋ ಅದೊಂದು ಬರದು ಹಾಕು ಶಿಲ್ಪಾ, ನಾ ಫೋನ್ ಕೈಯಾಗೇ ಹಿಡಕೊಂಡು ಕೂತಿರ್ತೀನಿ. ಹೆಸರು ಕೇಳು, ವಾರ ಯಾವುದು ಕೇಳು, ತೊಗರಿ ರೇಟ್ ಕೇಳು. ರೇಟ್ ಸರಿ ಹೇಳಿದ್ರ ನಾ ಜರಾ ಕಣ್ಣು ಮುಚ್ತೀನಿ.

ಸಾಕು. ಎಲ್ಲಾರಿಗೂ ಶರಣು.

ನಿನ್ನ ಮಗಳು
ಸವಿತಾ

ಸೈಕಲ್ ಕೀಲಿ ನೀನೇ ಸೀರಿ ಗಂಟಿನ್ಯಾಗ ಕಟ್ಕೋ ಅವ್ವಾ. ಜಗಲಿ ಮ್ಯಾಲ ಇಡಬ್ಯಾಡ, ಅಲ್ಲೇ ಮೊದಲ ನೋಡ್ತಾರ.