ದೆವ್ವವಿಲ್ಲದ ಭಯಾನಕ ಚಿತ್ರದ ಪರವಾಗಿ

ಸಂಪಾದಕರಿಗೆ,

ಮಾನ್ಯರೇ,

ನಮ್ಮ ಗಡಿನಾಡು ಕಾಸರಗೋಡಿನ ಕಾಲೇಜೊಂದರ ವಿದ್ಯಾರ್ಥಿಗಳು ತಯಾರಿಸುತ್ತಿರುವ ಭಯಾನಕ ಕಿರುಚಿತ್ರದ ಆರಂಭ ಭಾಗವನ್ನು ಪೆರ್ಲದ ಸಮೀಪ ಊರವರಿಗೆ ತೋರಿಸಿದ ಕುರಿತು ತಮ್ಮ ಪತ್ರಿಕೆಯಲ್ಲಿ ಕಳೆದ ವಾರ ಪ್ರಕಟವಾದ ಬರಹವನ್ನು ಓದಿದೆ. ನಾಲ್ಕು ನಿಮಿಷಗಳ ಆ ಭಾಗದಲ್ಲಿ ಕತ್ತಲೆಯಿಲ್ಲ, ಕೊಲೆಯಿಲ್ಲ, ಕಿರುಚಾಟವಿಲ್ಲ, ಹೀಗಿರುವಾಗ ಅದನ್ನು ಭಯಾನಕ ಚಿತ್ರವೆಂದು ಕರೆಯುವುದು ಹೇಗೆ ಎಂಬುದು ಬರಹಗಾರರ ಮೊದಲ ಆಕ್ಷೇಪ. ನಮ್ಮ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಸಿಂಪಡಿಸುತ್ತಿದ್ದ ಕೀಟನಾಶಕ ಎಂಡೋಸಲ್ಫಾನಿನ ದುರಂತದಂತಹ ವಿಷಯಕ್ಕೆ ಸಾಕ್ಷ್ಯಚಿತ್ರವೇ ತಕ್ಕುದಾಗಿತ್ತು ಎಂಬುದು ಎರಡನೆಯದು. ಪ್ರದರ್ಶನದ ದಿನ ನಾನೂ ಸಭೆಯಲ್ಲಿದ್ದೆ. ಆ ಮಕ್ಕಳಿಗೆ ಭಯಾನಕ ಚಿತ್ರಗಳ ರೂಢಿಗಳು ಗೊತ್ತಿಲ್ಲವೆಂದು ನನಗೆ ಅನಿಸಲಿಲ್ಲ. ಅವುಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡು, ನಮ್ಮ ನೆಲಕ್ಕೆ ಹೊಂದುವಷ್ಟನ್ನು ಉಳಿಸಿಕೊಂಡು, ಒಂದನ್ನು ಮಾತ್ರ ಖಡಾಖಂಡಿತವಾಗಿ ನಿರಾಕರಿಸಿದ್ದಾರೆ. ಆ ನಿರಾಕರಣೆಯ ಬಗ್ಗೆ ಮುಖ್ಯವಾಗಿ ಹೇಳಬೇಕೆಂದೇ ಈ ಪತ್ರ.

ನೋಡದವರಿಗಾಗಿ ಕಥಾಭಾಗವನ್ನು ಸಂಕ್ಷೇಪವಾಗಿ ತಿಳಿಸುತ್ತೇನೆ. ಗುಡ್ಡದ ಮೇಲಿನ ಗೇರು ತೋಟ, ಕೆಳಗೆ ಕಣಿವೆಯಲ್ಲಿ ಅಡಿಕೆ ತೋಟ, ಅಂಚಿನಲ್ಲಿ ಹಂಚಿನ ಮನೆ, ಅಂಗಳದ ತುಂಬ ಒಣಗಲು ಹರವಿದ ಅಡಿಕೆ, ಬದಿಯಲ್ಲಿ ಬಾಯ್ದೆರೆದ ಬಾವಿ, ಇಷ್ಟನ್ನೂ ಕ್ಯಾಮೆರಾ ಆಕಾಶದಿಂದ ನಿಧಾನವಾಗಿ ನೋಡುತ್ತ ಸಾಗುತ್ತದೆ. ಅನಂತರ ಸಂಜೆ. ದಣಪೆಯ ಆಚೆ ನಿಂತ ಕೆಲಸದವನೊಬ್ಬ ಮನೆಯ ಅಜ್ಜಿಗೆ ತುಳುವಿನಲ್ಲಿ ‘ನಾಳೆ ಬೆಳಗ್ಗೆ ಬರ್ತದಂತೆ’ ಎಂದಷ್ಟೇ ಹೇಳಿ ಹೋಗುತ್ತಾನೆ. ಏನು ಬರುತ್ತದೆಂದು ಅವನು ಹೇಳುವುದಿಲ್ಲ, ಅಜ್ಜಿ ಕೇಳುವುದೂ ಇಲ್ಲ. ಮರುದಿನ ಬೆಳಗ್ಗೆ ಅಜ್ಜಿ ಹಗ್ಗದ ಮೇಲಿನ ಬಟ್ಟೆಗಳನ್ನು ಒಳಗೆ ಹಾಕುತ್ತಾಳೆ, ದನವನ್ನು ಹಟ್ಟಿಗೆ ಕಟ್ಟುತ್ತಾಳೆ, ಬಾವಿಗೆ ತೆಂಗಿನ ಮಡಲು ಮತ್ತು ಹಳೆಯ ಗೋಣಿಗಳನ್ನು ಹೊದಿಸುತ್ತಾಳೆ, ಮೊಮ್ಮಗಳನ್ನು ಒಳಗೆ ಕರೆದು ಕಿಟಕಿಗಳನ್ನು ಮುಚ್ಚುತ್ತಾಳೆ. ದೂರದಲ್ಲಿ ಒಂದು ಸದ್ದು ಹುಟ್ಟಿ ಹತ್ತಿರವಾಗುತ್ತದೆ. ಹತ್ತು ವರ್ಷದ ಆ ಹುಡುಗಿ ಹಿಂಬಾಗಿಲಿನ ಚಿಲಕ ತೆಗೆದು ಅಂಗಳಕ್ಕೆ ಓಡಿ, ಮೇಲೆ ನೋಡಿ ಕೈಬೀಸಿ, ಸಂತೋಷದಿಂದ ಕೂಗುತ್ತಾಳೆ. ಅಡಿಕೆಯ ಮೇಲೆ ಒಂದು ನೆರಳು ಹಾದುಹೋಗುತ್ತದೆ. ಚಿತ್ರದ ಹೆಸರು ಬರುವುದು ಆಮೇಲೆ.

ಮೊದಲ ಶಾಟನ್ನೇ ತೆಗೆದುಕೊಳ್ಳೋಣ. ಈಗ ಮದುವೆಯ ವಿಡಿಯೋದಲ್ಲೂ ಡ್ರೋನ್ ಹಾರಿಸುವುದರಿಂದ ಆಕಾಶದ ನೋಟವನ್ನು ನಾವು ಅಲಂಕಾರವೆಂದು ನೋಡಿ ಮರೆಯುತ್ತೇವೆ. ಭಯಾನಕ ಚಿತ್ರಗಳಲ್ಲಿ ಅದಕ್ಕೆ ಬೇರೆಯೇ ಕೆಲಸವಿದೆ. 1980ರ ‘ದಿ ಶೈನಿಂಗ್’ ಚಿತ್ರದ ಮೊದಲಲ್ಲಿ ಬೆಟ್ಟದ ದಾರಿಯಲ್ಲಿ ಹೋಗುವ ಪುಟ್ಟ ಕಾರನ್ನು ಹೆಲಿಕಾಪ್ಟರಿನಿಂದ ಚಿತ್ರೀಕರಿಸಿದ್ದರು. ಕಾರಿನಲ್ಲಿರುವವರನ್ನು ಯಾವುದೋ ಒಂದು ಕಣ್ಣು ಹಿಂಬಾಲಿಸುತ್ತಿದೆ ಎಂಬ ಅಳುಕು ಅದರಿಂದ ಹುಟ್ಟುತ್ತದೆ. ನೋಡುವ ಕಣ್ಣು ಯಾರದೆಂದು ಹೇಳದೆ ಮುಂದುವರಿಯುವುದು ಈ ಪ್ರಕಾರದ ಹಳೆಯ ಜಾಣತನ. 1978ರ ‘ಹ್ಯಾಲೋವೀನ್’ ಚಿತ್ರದಲ್ಲಿ ಪ್ರೇಕ್ಷಕನು ಕೊಲೆಗಾರನ ಕಣ್ಣಿನಿಂದಲೇ ಮನೆಯನ್ನು ಪ್ರವೇಶಿಸುತ್ತಾನೆ, ಮುಖವಾಡ ಕಳಚಿದಾಗಲೇ ಅದು ಆರು ವರ್ಷದ ಹುಡುಗನ ಕಣ್ಣೆಂದು ತಿಳಿಯುತ್ತದೆ. ನಮ್ಮ ವಿದ್ಯಾರ್ಥಿಗಳ ಚಿತ್ರದಲ್ಲಿ ಮುಖವಾಡ ಕಳಚುವ ದೃಶ್ಯವಿಲ್ಲ. ಕೊನೆಯ ಅರ್ಧ ನಿಮಿಷದಲ್ಲಿ ಸದ್ದು ತಲೆಯ ಮೇಲೆ ಬಂದಾಗ, ನಾವು ಆರಂಭದಲ್ಲಿ ಚೆಂದವೆಂದು ನೋಡಿದ ನೋಟವು ಔಷಧ ಸಿಂಪಡಿಸುವ ಹೆಲಿಕಾಪ್ಟರಿನದೆಂದು ತಾನಾಗಿ ಹೊಳೆಯುತ್ತದೆ. ಆ ನೋಟದಲ್ಲಿ ಮನೆಯೂ ಗೇರು ಮರವೂ ಒಂದೇ ಹಸಿರಿನಲ್ಲಿ ಬೆರೆತಿದ್ದವು, ಬಾವಿ ಒಂದು ಚುಕ್ಕೆಯಾಗಿತ್ತು. ನನ್ನ ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ಅಲ್ಲಿ ಉಸಿರು ಬಿಗಿಹಿಡಿದದ್ದು ನನಗೆ ಕೇಳಿಸಿತು. ಬರಹಗಾರರು ಸಭೆಯಲ್ಲಿ ಹುಡುಕಿದ ಭಯ ಅದೇ ಇರಬೇಕು.

ಭಯಾನಕ ರಸದ ಲಕ್ಷಣಗಳೇ ಇಲ್ಲವೆಂಬ ಮಾತಿಗೆ ನಿವೃತ್ತ ಕನ್ನಡ ಅಧ್ಯಾಪಕನಾದ ನಾನು ಶಾಸ್ತ್ರದಿಂದಲೇ ಉತ್ತರ ಕೊಡಬಹುದು. ನಾಟ್ಯಶಾಸ್ತ್ರವು ಈ ರಸಕ್ಕೆ ವಿಕೃತ ಧ್ವನಿ, ನರಿ ಗೂಬೆಗಳಿಂದಾಗುವ ದಿಗಿಲು, ಬರಿದಾದ ಮನೆ, ಕಾಡಿನ ಪ್ರವೇಶ ಮುಂತಾದವನ್ನು ವಿಭಾವಗಳೆಂದು, ಅಂದರೆ ಭಯ ಹುಟ್ಟಿಸುವ ಕಾರಣಗಳೆಂದು ಹೇಳುತ್ತದೆ. ಕೈಕಾಲು ನಡುಗುವುದು, ರೋಮಾಂಚ, ಮುಖ ಬಿಳಿಚುವುದು, ಸ್ವರ ಒಡೆಯುವುದು ಅನುಭಾವಗಳು, ಅಂದರೆ ಆ ಭಯ ದೇಹದಲ್ಲಿ ಕಾಣಿಸಿಕೊಳ್ಳುವ ಗುರುತುಗಳು. ಬರಹಗಾರರು ಪರದೆಯ ಮೇಲಿನ ಪಾತ್ರಗಳಲ್ಲಿ ಅನುಭಾವಗಳನ್ನು ಹುಡುಕಿ ಸಿಗದೆ ನಿರಾಶರಾಗಿದ್ದಾರೆ. ವಿಭಾವಗಳನ್ನು ಮಾತ್ರ ಕಟ್ಟಿ, ನಡುಗುವ ಕೆಲಸವನ್ನು ಪ್ರೇಕ್ಷಕನಿಗೆ ಬಿಟ್ಟಿರುವುದು ನಿರ್ದೇಶಕರ ಆಯ್ಕೆ. ಅಜ್ಜಿಯ ಪಾತ್ರವನ್ನೇ ನೋಡಿ. ಮುನ್ಸೂಚನೆ ಕೊಡುವ ಅಪರಿಚಿತ, ಅದನ್ನು ಕೇಳಿ ನಕ್ಕು ಅಲಕ್ಷಿಸುವ ಪೇಟೆಯ ಮಂದಿ, ಇದು ಇಂತಹ ಚಿತ್ರಗಳಲ್ಲಿ ಸವೆದುಹೋದ ಜೋಡಿ. ಇಲ್ಲಿ ಎಚ್ಚರಿಕೆಯನ್ನು ಯಾರೂ ಅಲಕ್ಷಿಸುವುದಿಲ್ಲ. ಬಸ್ಸಿನ ಸಮಯ ಕೇಳಿದಷ್ಟು ಸಹಜವಾಗಿ ಕೇಳಿಸಿಕೊಂಡು, ಮಾಡಬೇಕಾದ್ದನ್ನೆಲ್ಲ ಚಾಚೂ ತಪ್ಪದೆ ಮಾಡುತ್ತಾರೆ. ಮಾಡಿದ್ದರಿಂದ ಪ್ರಯೋಜನವಾಗುವುದಿಲ್ಲ. ಮಡಲಿನ ಸಂದುಗಳ ಮೂಲಕ ಬಾವಿಯ ನೀರು ಹೊಳೆಯುವುದನ್ನು ಕ್ಯಾಮೆರಾ ಕೆಲವೇ ಕ್ಷಣ ತೋರಿಸುತ್ತದೆ, ಅಷ್ಟೇ. ತಪ್ಪು ಮಾಡಿದವನಿಗೆ ಶಿಕ್ಷೆಯಾಗುವ ಭಯಾನಕ ಕಥೆಯಲ್ಲಿ ಒಂದು ಬಗೆಯ ಸಮಾಧಾನವಾದರೂ ಇರುತ್ತದೆ, ಇಲ್ಲಿ ಅದೂ ಇಲ್ಲ.

ಇನ್ನು ಸದ್ದಿನ ವಿಷಯ. ಯಕ್ಷಗಾನ ಕವಿ ಪಾರ್ತಿಸುಬ್ಬನ ನಾಡಿನವರಿಗೆ ಇದನ್ನು ಹೊರಗಿನವರು ಕಲಿಸಬೇಕಾಗಿಲ್ಲ. ತೆಂಕುತಿಟ್ಟಿನ ಯಕ್ಷಗಾನದಲ್ಲಿ ಬಣ್ಣದ ವೇಷ (ರಾಕ್ಷಸ ಪಾತ್ರ) ರಂಗಕ್ಕೆ ಬರುವ ಕ್ರಮವನ್ನು ನೆನೆಯಿರಿ: ಮೊದಲು ಆರ್ಭಟೆ ಕೇಳುತ್ತದೆ, ಚೆಂಡೆ ಏರುತ್ತದೆ, ದೊಂದಿಗೆ ರಾಳ ಬಿದ್ದು ಬೆಂಕಿ ಭುಗಿಲೆನ್ನುತ್ತದೆ, ತೆರೆಯ ಮೇಲ್ಗಡೆ ಕಿರೀಟದ ತುದಿ ಆಡುತ್ತದೆ, ಕೈಯೊಂದು ಕಾಣಿಸಿ ಮರೆಯಾಗುತ್ತದೆ. ಮುಖ ಕಾಣುವ ಮೊದಲೇ ಮುಂದಿನ ಸಾಲಿನ ಮಕ್ಕಳು ತಾಯಿಯ ಮಡಿಲು ಸೇರಿರುತ್ತಾರೆ. ಧ್ವನಿ ಮೊದಲು, ಆಕಾರ ಆಮೇಲೆ ಎಂಬ ಈ ವ್ಯಾಕರಣವನ್ನು ವಿದ್ಯಾರ್ಥಿಗಳು ಹಾಗೆಯೇ ಎತ್ತಿಕೊಂಡಿದ್ದಾರೆ, ಆದರೆ ತೆರೆಯನ್ನು ಸರಿಸುವುದಿಲ್ಲ. ಹೆಲಿಕಾಪ್ಟರ್ ಒಮ್ಮೆಯೂ ಕಾಣುವುದಿಲ್ಲ, ನೆರಳು ಮಾತ್ರ. ಹೆಲಿಕಾಪ್ಟರ್ ಬಾಡಿಗೆಗೆ ತರುವಷ್ಟು ದುಡ್ಡು ಅವರಲ್ಲಿರಲಿಲ್ಲ ಎಂಬುದೂ ನಿಜವೇ. 1975ರ ‘ಜಾಸ್’ ಚಿತ್ರದ ತಯಾರಿಕೆಯಲ್ಲಿ ಯಂತ್ರದ ಶಾರ್ಕ್ ಮೇಲಿಂದ ಮೇಲೆ ಕೆಟ್ಟುಹೋದದ್ದರಿಂದಲೇ ಅದನ್ನು ಬಹುಪಾಲು ಮರೆಯಲ್ಲಿಟ್ಟು ಹೆದರಿಸುವ ದಾರಿ ನಿರ್ದೇಶಕರಿಗೆ ಸಿಕ್ಕಿತು. ಬಡತನದಿಂದ ಹುಟ್ಟಿದ ಉಪಾಯವೆಂದು ನಾವು ಇದನ್ನು ಹಗುರಾಗಿ ಕಾಣಬೇಕಾಗಿಲ್ಲ.

ಹುಡುಗಿ ಚಿಲಕ ತೆಗೆಯುವುದು ನಮಗೆಲ್ಲ ಪರಿಚಿತವಾದ ರೂಢಿ. ತೆರೆಯಬಾರದ ಕೋಣೆಯನ್ನು ತೆರೆಯುವ ಕುತೂಹಲವನ್ನು 1993ರ ಮಲಯಾಳಂ ‘ಮಣಿಚಿತ್ರತಾಳ್’ ಚಿತ್ರದಲ್ಲಿಯೂ, ಅದನ್ನು ಆಧರಿಸಿದ 2004ರ ‘ಆಪ್ತಮಿತ್ರ’ದಲ್ಲಿಯೂ ಈ ಜಿಲ್ಲೆಯ ಜನ ಎರಡೂ ಭಾಷೆಗಳಲ್ಲಿ ನೋಡಿದ್ದಾರೆ. ಅಲ್ಲಿ ಬಾಗಿಲಿನ ಹಿಂದೆ ಕತ್ತಲೆ, ಇಲ್ಲಿ ಬಾಗಿಲಿನಾಚೆ ಒಳ್ಳೆಯ ಬಿಸಿಲು. ಭಯಾನಕ ಚಿತ್ರದ ಆರಂಭ ಸಾಮಾನ್ಯವಾಗಿ ಹೆಣ್ಣಿನ ಚೀತ್ಕಾರದಲ್ಲಿ ಮುಗಿಯುತ್ತದೆ. 1996ರ ‘ಸ್ಕ್ರೀಮ್’ ಅಂತೂ ಆ ಚೀತ್ಕಾರವನ್ನೇ ತನ್ನ ಹೆಸರಾಗಿಸಿಕೊಂಡು, ಹೆಸರಾಂತ ನಟಿಯ ಪಾತ್ರವನ್ನು ಮೊದಲ ದೃಶ್ಯದಲ್ಲೇ ಕೊಂದಿತು. ನಮ್ಮ ಹುಡುಗಿ ಕೂಗುವುದು ಹಿಗ್ಗಿನಿಂದ. ಹೆಲಿಕಾಪ್ಟರ್ ಬಂದಾಗ ಮಕ್ಕಳು ನೋಡಲು ಓಡುತ್ತಿದ್ದುದು ಸಿಂಪಡಣೆ ನಡೆದ ಪಡ್ರೆ, ವಾಣಿನಗರ ಕಡೆಯ ಹಿರಿಯರಿಗೆ ಹೊಸ ಸಂಗತಿಯೇನಲ್ಲ. ಕಿರುಚಾಟವಿಲ್ಲ ಎಂದು ದೂರಿದ ಬರಹಗಾರರು ಈ ಕೂಗನ್ನು ಇನ್ನೊಮ್ಮೆ ಕೇಳಬೇಕು.

ನಿರಾಕರಣೆಯ ವಿಷಯಕ್ಕೆ ಬರುತ್ತೇನೆ. ಈ ಪ್ರಕಾರದ ಅತ್ಯಂತ ಹಳೆಯ ಮತ್ತು ಅತ್ಯಂತ ಕ್ರೂರವಾದ ರೂಢಿಯೆಂದರೆ ವಿಕಲವಾದ ಮನುಷ್ಯ ದೇಹವನ್ನೇ ರಾಕ್ಷಸನನ್ನಾಗಿ ತೋರಿಸುವುದು. ಗೂನು ಬೆನ್ನು, ದೊಡ್ಡ ತಲೆ, ಸೊಟ್ಟ ಕೈಕಾಲು, ಸುಟ್ಟ ಮುಖ, ಇವುಗಳ ಮೇಲೆ ಕೆಳಗಿನಿಂದ ಬೆಳಕು ಚೆಲ್ಲಿದರೆ ಪ್ರೇಕ್ಷಕ ಹೆದರುತ್ತಾನೆ ಎಂಬ ಲೆಕ್ಕಾಚಾರ ಸಿನಿಮಾದ ಆರಂಭಕಾಲದಿಂದಲೂ ನಡೆದುಬಂದಿದೆ. ಬೇರೆ ಕಡೆ ಇದನ್ನು ಅಭಿರುಚಿಯ ಪ್ರಶ್ನೆಯೆಂದು ಚರ್ಚಿಸಬಹುದು. ಎಂಡೋಸಲ್ಫಾನ್ ಪೀಡಿತ ಎಣ್ಮಕಜೆಯಲ್ಲಿ, ಬೆಳ್ಳೂರಿನಲ್ಲಿ, ಮುಳಿಯಾರಿನಲ್ಲಿ ಅಂತಹ ದೇಹಗಳು ನಮ್ಮ ನೆರೆಮನೆಯ ಮಕ್ಕಳವು. ಅವರ ಭಾವಚಿತ್ರಗಳು ದೇಶವಿಡೀ ತಿರುಗಿದವು, ಅವುಗಳಿಂದ ಹೋರಾಟಕ್ಕೆ ಬಲವೂ ಬಂತು. ಹಾಗೆಂದು ಅದೇ ಮುಖಗಳನ್ನು ಬೆಚ್ಚಿಬೀಳಿಸಲು ಬಳಸಿದ್ದರೆ ಆ ಮಕ್ಕಳ ತಾಯಂದಿರು ಸಭೆಯಲ್ಲಿ ಹೇಗೆ ಕುಳಿತಿರುತ್ತಿದ್ದರು? ವಿದ್ಯಾರ್ಥಿಗಳು ರೋಗಪೀಡಿತ ಶರೀರವೊಂದನ್ನೂ ತೋರಿಸಿಲ್ಲ. ಚೌಕಟ್ಟಿನಲ್ಲಿ ಇರುವವಳು ಆರೋಗ್ಯವಂತಳಾದ, ಜಡೆ ಹೆಣೆದ, ನಗುವ ಹುಡುಗಿ. ಹೆದರಿಕೆಯನ್ನು ಅವರು ನೊಂದವರ ದೇಹದಿಂದ ತೆಗೆದು ನೋಯಿಸಿದ ಯಂತ್ರಕ್ಕೂ ಅದರ ಕಣ್ಣಿಗೂ ವರ್ಗಾಯಿಸಿದ್ದಾರೆ. ಇದಕ್ಕೆ ಧೈರ್ಯಕ್ಕಿಂತ ಹೆಚ್ಚಾಗಿ ವಿವೇಕ ಬೇಕು.

ಇನ್ನೊಂದನ್ನೂ ಅವರು ಮುಟ್ಟಿಲ್ಲ. ಕರಾವಳಿಯಲ್ಲಿ ಭಯಾನಕ ಚಿತ್ರವೆಂದ ಕೂಡಲೇ ದೈವದ ಅಣಿಯನ್ನೋ (ಬೆನ್ನಿಗೆ ಕಟ್ಟುವ ಪ್ರಭಾವಳಿ) ಕೇರಳದ ದೈವಾರಾಧನೆಯಾದ ತೆಯ್ಯಂನ ಮುಖವರ್ಣಿಕೆಯನ್ನೋ ಕತ್ತಲಲ್ಲಿ ನಿಲ್ಲಿಸಿಬಿಡುವ ಚಾಳಿ ಬೆಳೆದಿದೆ. ಮನೆಯ ಕಷ್ಟ ಹೇಳಿಕೊಳ್ಳಲು ಜನ ಯಾರ ಮುಂದೆ ಕೈಮುಗಿದು ನಿಲ್ಲುತ್ತಾರೋ ಅವರನ್ನು ಪಿಶಾಚಿಯ ಜಾಗಕ್ಕೆ ತರದಿರುವುದು ಮೆಚ್ಚತಕ್ಕ ಸಂಗತಿ.

ಸಾಕ್ಷ್ಯಚಿತ್ರವೇ ಆಗಬೇಕಿತ್ತು ಎಂಬ ವಾದ ನನಗೆ ಒಪ್ಪಿಗೆಯಿಲ್ಲ. ದಾಖಲೆಗೆ ಕೊರತೆಯೇನೂ ಇಲ್ಲ. ಕೇರಳ ಸರ್ಕಾರದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಸುಮಾರು 4,700 ಹೆಕ್ಟೇರ್ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಸಿಂಪಡಣೆ ನಡೆದದ್ದು, ವಾಣಿನಗರದ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮ ರೋಗಿಗಳಲ್ಲಿ ಕಂಡದ್ದನ್ನು ಹೇಳತೊಡಗಿದ್ದು, ಪತ್ರಕರ್ತ ಶ್ರೀಪಡ್ರೆಯವರು ಅದನ್ನು ಹೊರಜಗತ್ತಿಗೆ ತಲುಪಿಸಿದ್ದು, 2011ರಲ್ಲಿ ಸುಪ್ರೀಂ ಕೋರ್ಟು ಬಳಕೆಯನ್ನು ತಡೆದದ್ದು, 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಲು ಆದೇಶಿಸಿದ್ದು, ಎಲ್ಲವೂ ಬರಹದಲ್ಲಿದೆ. ಡಾ. ಬಿಜು ಅವರು 2015ರಲ್ಲಿ ಇದೇ ವಿಷಯದ ಮೇಲೆ ವಾಸ್ತವಿಕ ಶೈಲಿಯ ಮಲಯಾಳಂ ಕಥಾಚಿತ್ರವನ್ನೂ ಮಾಡಿದ್ದಾರೆ. ಈ ಯಾವುದನ್ನೂ ಓದದ, ಸಿಂಪಡಣೆ ನಿಂತ ಮೇಲೆ ಹುಟ್ಟಿದ ಇಪ್ಪತ್ತರ ಹರೆಯದವರು ತಮ್ಮ ಓರಗೆಯವರು ಇಷ್ಟಪಟ್ಟು ನೋಡುವ ಪ್ರಕಾರದಲ್ಲೇ ಇದನ್ನು ಹೇಳಲು ಹೊರಟಿದ್ದಾರೆ. ‘ಸತ್ಯ ಘಟನೆಯನ್ನು ಆಧರಿಸಿದ್ದು’ ಎಂಬ ಫಲಕವನ್ನೂ ಅವರು ಹಾಕಿಲ್ಲ. ಕಲ್ಪಿತ ದೆವ್ವದ ಕಥೆಗಳು ನಂಬಿಸುವುದಕ್ಕಾಗಿ ಹಾಕಿಕೊಳ್ಳುವ ಆ ಫಲಕವನ್ನು ನಿಜವಾಗಿ ನಡೆದದ್ದನ್ನು ಹೇಳುವವರು ಬಿಟ್ಟುಕೊಟ್ಟಿರುವುದು ಸರಿಯಾಗಿಯೇ ಇದೆ. ಕಾಸರಗೋಡಿನ ಹೊರಗಿನವರಿಗೆ ಮೊದಲ ನೋಟದಲ್ಲಿ ಅರ್ಥವಾಗದಿದ್ದರೆ ಅವರು ಚಿತ್ರ ಮುಗಿಯುವ ತನಕ ಕಾಯಲಿ.

ಕುಂದುಗಳು ಇಲ್ಲವೆಂದಲ್ಲ. ಬೆಳಗ್ಗಿನ ದೃಶ್ಯಗಳಿಗೆ ಎಡಿಟಿಂಗಿನಲ್ಲಿ ಬಳಿದ ನೀಲಿ ಛಾಯೆ ಅನಗತ್ಯ. ಹಗಲು ಹಗಲಾಗಿಯೇ ಇದ್ದರೆ ಅವರ ಉದ್ದೇಶಕ್ಕೆ ಬಲ ಬರುತ್ತದೆ. 1990ರ ದಶಕದ ಕಥೆಯ ಆಕಾಶ ನೋಟದಲ್ಲಿ, ಎಡಬದಿಯ ಗುಡ್ಡದ ಮೇಲೆ, ಮೊಬೈಲ್ ಟವರೊಂದು ನಿಂತಿದೆ (ಸಭೆಯಲ್ಲಿ ಇದನ್ನು ಮೊದಲು ಗುರುತಿಸಿ ನಕ್ಕವರು ಶಾಲಾ ಮಕ್ಕಳು). ಎಲ್ಲಕ್ಕಿಂತ ದೊಡ್ಡ ದೋಷ, ನೆರಳು ಹಾದುಹೋಗುವಾಗ ಥಟ್ಟನೆ ಸಿಡಿಯುವ ಪಿಟೀಲಿನ ಅಬ್ಬರ. ಅಲ್ಲಿಯವರೆಗೆ ಯಂತ್ರದ ಸದ್ದು, ಕೋಳಿಗಳ ಗಲಿಬಿಲಿ, ಹುಡುಗಿಯ ಕೂಗು ಸೇರಿ ಕಟ್ಟಿದ್ದನ್ನು ಆ ಸಂಗೀತ ಒಂದೇ ಏಟಿಗೆ ಸಾಧಾರಣವಾಗಿಸುತ್ತದೆ. ಪ್ರೇಕ್ಷಕ ಹೆದರದೆ ಹೋದರೆ ಎಂಬ ಅಂಜಿಕೆ ನಿರ್ದೇಶಕರಿಗೆ ಅಲ್ಲಿ ಬಂದಿರಬೇಕು. ಅದನ್ನು ತೆಗೆದುಹಾಕಿ, ಸಿಂಪಡಣೆಯಾದ ಮೇಲೆ ಜೇನ್ನೊಣಗಳ ಗುಂಯ್‌ಗುಡುವಿಕೆಯೂ ಕಪ್ಪೆಗಳ ಸದ್ದೂ ನಿಂತುಹೋಗಿತ್ತೆಂದು ಹಿರಿಯರು ಹೇಳುವುದನ್ನು ಧ್ವನಿಪಥದಲ್ಲಿ ಬಳಸಿಕೊಳ್ಳುವ ದಾರಿ ಅವರಿಗೆ ತೆರೆದೇ ಇದೆ.

ಉಳಿದ ಭಾಗದ ಚಿತ್ರೀಕರಣ ಇನ್ನೂ ಮುಗಿದಿಲ್ಲವೆಂದು ಅಂದು ತಿಳಿಸಿದರು. ದ್ವಿತೀಯಾರ್ಧದಲ್ಲಾದರೂ ಒಂದು ಪ್ರೇತವನ್ನು ತರಬೇಕೆಂದು ತಮ್ಮ ಬರಹಗಾರರು ಕೊಟ್ಟಿರುವ ಸಲಹೆಯನ್ನು ಅವರು ಸ್ವೀಕರಿಸಬಾರದೆಂದು ನನ್ನ ವಿನಂತಿ. ಆ ಹುಡುಗಿಯನ್ನೇ ಮುಂದೆ ರೋಗಗ್ರಸ್ತಳನ್ನಾಗಿಸಿ ಕತ್ತಲ ಮೂಲೆಯಿಂದ ಹೊರಬರುವಂತೆ ಮಾಡಿದರೆ, ಆರಂಭದಲ್ಲಿ ನಿರಾಕರಿಸಿದ್ದನ್ನೇ ಹಿಂಬಾಗಿಲಿನಿಂದ ಒಳಗೆ ಬಿಟ್ಟುಕೊಂಡಂತಾಗುತ್ತದೆ. ಪೂರ್ಣ ಚಿತ್ರದ ಮೊದಲ ಪ್ರದರ್ಶನವನ್ನು ಎಣ್ಮಕಜೆ ಪಂಚಾಯತಿನಲ್ಲಿಯೇ, ಸಂತ್ರಸ್ತ ಕುಟುಂಬಗಳವರನ್ನು ಮುಂಚಿತವಾಗಿ ಕೇಳಿ, ಅವರು ಒಪ್ಪಿದರೆ ಅವರ ಸಮ್ಮುಖದಲ್ಲಿ ಏರ್ಪಡಿಸಬೇಕು. ಕನ್ನಡ, ತುಳು ಸಂಭಾಷಣೆಗೆ ಮಲಯಾಳಂ ಅಡಿಬರಹವನ್ನೂ ಸೇರಿಸಬೇಕು.

ಇತಿ,
ನಿವೃತ್ತ ಅಧ್ಯಾಪಕ,
ಪೆರ್ಲ, ಕಾಸರಗೋಡು ಜಿಲ್ಲೆ