ಅಜ್ಜನ ಪೆನ್ನಿನ ಕ್ಯಾಪಿಗೆ ಪಾಲಿಶ್ ಬೇಡ

ಕುಮಟಾ
ಶ್ರಾವಣದ ಎರಡನೇ ಸೋಮವಾರ

ಚಿ. ಅಪ್ಪಿಗೆ ನಿನ್ನ ಅತ್ತೆಯ ಆಶೀರ್ವಾದಗಳು.

ಇಲ್ಲಿ ನಾನು ಕ್ಷೇಮ. ಮಳೆ ಇನ್ನೂ ಬಿಟ್ಟಿಲ್ಲ. ಅಂಗಳದಲ್ಲಿ ಪಾಚಿ ಕಟ್ಟಿದೆ, ಹೊರಗೆ ಕಾಲಿಡಲು ಹೆದರಿಕೆ. ಹಾಗಾಗಿ ನಿನ್ನ ಕಾಗದಕ್ಕೆ ಉತ್ತರ ಬರೆಯಲು ಬೇಕಾದಷ್ಟು ಹೊತ್ತು ಸಿಕ್ಕಿದೆ. ಮೊದಲು ಅವಸರದ ಮಾತು. ಅಜ್ಜನ ಪಾರ್ಕರ್ 51ರ ಕ್ಯಾಪು ಮಂಕಾಗಿದೆ, ಅಕ್ಕಸಾಲಿಗರ ಹತ್ತಿರ ಕೊಟ್ಟು ಕನ್ನಡಿಯ ಹಾಗೆ ಪಾಲಿಶ್ ಮಾಡಿಸುತ್ತೇನೆ ಎಂದು ಬರೆದಿದ್ದೀಯಲ್ಲ, ಅದನ್ನು ಮಾಡಬೇಡ. ಈಗಾಗಲೇ ಕೊಟ್ಟಿದ್ದರೆ ಇವತ್ತೇ ಹೋಗಿ ವಾಪಸ್ ತಾ.

ಅದು ಮಂಕಾದದ್ದಲ್ಲ, ಹುಟ್ಟಿದ್ದೇ ಹಾಗೆ. 1941ರಲ್ಲಿ ಆ ಪೆನ್ನು ಅಮೆರಿಕದ ಮಾರುಕಟ್ಟೆಗೆ ಬಂದಾಗ ಅದರ ಸ್ಟೇನ್‌ಲೆಸ್ ಸ್ಟೀಲ್ ಕ್ಯಾಪಿಗೆ ಬೇಕೆಂದೇ ಹೊಳಪು ತಗ್ಗಿಸಿದ್ದರು. ಆ ಮೆರುಗಿಗೆ ಲಸ್ಟ್ರಲಾಯ್ ಎಂದು ಹೆಸರು. ಕಿಟಕಿಯ ಬೆಳಕಿಗೆ ಹಿಡಿದು ಓರೆಯಾಗಿ ನೋಡು, ಕೂದಲೆಳೆಗಿಂತ ಸಣ್ಣ ಗೆರೆಗಳು ಒತ್ತೊತ್ತಾಗಿ ಕಾಣುತ್ತವೆ. ಉಜ್ಜಿ ಹೊಳಪು ಕೊಡುವ ಬಫ್ ಚಕ್ರಕ್ಕೆ ಒಂದೇ ಒಂದು ಸಲ ಕೊಟ್ಟರೆ ಸಾಕು, ಆ ಗೆರೆಗಳು ಸವೆದುಹೋಗುತ್ತವೆ. ಆಮೇಲೆ ಅದು ಸ್ಟೀಲ್ ಚಮಚದ ಹಾಗೆ ಪಳಪಳ ಹೊಳೆಯುತ್ತದೆ, ನಿಜ. ಆದರೆ ಅಪ್ಪಯ್ಯ ನಲವತ್ತು ವರ್ಷ ಜೇಬಿನಲ್ಲಿಟ್ಟುಕೊಂಡು ಶಾಲೆಗೆ ಹೋದ ಪೆನ್ನು ಅದಾಗಿರುವುದಿಲ್ಲ. ಕ್ಲಿಪ್ಪಿನ ಕೆಳಗಿನ ನೆಗ್ಗನ್ನೂ ಹಾಗೇ ಬಿಡು. ಕ್ಯಾಪಿನೊಳಗೆ ಪೆನ್ನನ್ನು ಬಿಗಿಹಿಡಿಯುವ ಲೋಹದ ಪಟ್ಟಿಗಳಿವೆ, ಪ್ಲಾಸ್ಟಿಕ್ಕಿನ ಒಳಟೋಪಿ ಇದೆ. ಅವನ್ನು ಬಿಚ್ಚಿ ತೆಗೆಯಲು ಗೊತ್ತಿಲ್ಲದವರು ಬೆಂಕಿ ತೋರಿಸಿದರೆ ಒಳಗಿನ ಪ್ಲಾಸ್ಟಿಕ್ ಕರಗುತ್ತದೆ. ಮೆದು ಹತ್ತಿ ಬಟ್ಟೆಯನ್ನು ಒದ್ದೆ ಮಾಡಿ ಒರೆಸು, ಒಣಗಿಸು, ಅಷ್ಟೇ ಸಾಕು.

ಈಗ ನಿನ್ನ ಏಳು ಪೆನ್ನುಗಳ ವಿಷಯ. ಒಂದೇ ವರ್ಷದಲ್ಲಿ ಏಳು ಕೊಂಡದ್ದಕ್ಕೆ ನಿನ್ನ ಅಪ್ಪ ಬೇಸರ ಮಾಡಿಕೊಂಡಿದ್ದಾನೆ, ನಾನು ಮಾಡಿಕೊಂಡಿಲ್ಲ. ಸಂಬಳ ನಿನ್ನದು, ಹುಚ್ಚೂ ಒಳ್ಳೆಯದೇ. ನನಗೆ ಕಸಿವಿಸಿಯಾದದ್ದು ನೀನು ಅವಕ್ಕೆ ಒಂದು, ಎರಡು, ಮೂರು ಎಂದು ಸ್ಥಾನ ಕೊಟ್ಟ ರೀತಿ ನೋಡಿ. ಭಾರವಾದದ್ದೆಲ್ಲ ಮೇಲೆ, ಹಗುರಾದದ್ದೆಲ್ಲ ಕೆಳಗೆ. ಕೈಗೆ ತೂಕ ಸಿಕ್ಕಿದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ ಎನ್ನುವ ಭಾವನೆ ಹಿತ್ತಾಳೆ ಹಂಡೆ ಕೊಳ್ಳುವಾಗ ಸರಿ, ಪೆನ್ನಿಗೆ ಸರಿಯಲ್ಲ. ಒಂದು ಘನ ಸೆಂಟಿಮೀಟರಿಗೆ ಅಲ್ಯೂಮಿನಿಯಂ 2.7 ಗ್ರಾಂ ತೂಗುತ್ತದೆ, ಟೈಟಾನಿಯಂ 4.5, ಸ್ಟೀಲ್ ಹತ್ತಿರ ಹತ್ತಿರ 8, ಹಿತ್ತಾಳೆ 8.5, ಬೆಳ್ಳಿ 10.5. ಒಂದೇ ಆಕಾರದ ಪೆನ್ನನ್ನು ಅಲ್ಯೂಮಿನಿಯಂನಲ್ಲೂ ಹಿತ್ತಾಳೆಯಲ್ಲೂ ಮಾಡಿದರೆ ತೂಕ ಮೂರು ಪಟ್ಟು ಬೇರೆಯಾಗುತ್ತದೆ. ಬರವಣಿಗೆ ಮೂರು ಪಟ್ಟು ಚೆನ್ನಾಗುವುದಿಲ್ಲ.

ಇದನ್ನು ನಾನು ಕೈ ನೋಯಿಸಿಕೊಂಡು ಕಲಿತೆ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಸೇರಿದ ಹೊಸತರಲ್ಲಿ ದಿನವಿಡೀ ನಕಲು ಬರೆಯುವುದೇ ನನ್ನ ಕೆಲಸ. ಮೊದಲ ಸಂಬಳದಲ್ಲಿ ಹಿತ್ತಾಳೆ ಮೈಗೆ ಹೊಳೆಯುವ ಲೇಪ ಕೊಟ್ಟ ದಪ್ಪ ಪೆನ್ನೊಂದನ್ನು ಕೊಂಡೆ. ಅಂಗಡಿಯಲ್ಲಿ ಹೆಸರು ಗೀಚಿ ನೋಡಿದಾಗ ಮಹಾರಾಣಿಯ ಪೆನ್ನು ಅನ್ನಿಸಿತ್ತು. ಕಚೇರಿಯಲ್ಲಿ ಮೂರನೇ ಪುಟಕ್ಕೆ ಬರುವಷ್ಟರಲ್ಲಿ ಹೆಬ್ಬೆರಳ ಬುಡ ಸೆಳೆಯಲು ಶುರು. ಕ್ಯಾಪನ್ನು ಹಿಂಬದಿಗೆ ಸಿಕ್ಕಿಸಿ ಬರೆಯುವ ಅಭ್ಯಾಸ ನನಗೆ. ಆ ಕ್ಯಾಪಿನ ಭಾರಕ್ಕೆ ಪೆನ್ನು ಹಿಂದಕ್ಕೆ ಜಗ್ಗುತ್ತಿತ್ತು, ನಿಬ್ಬನ್ನು ಕಾಗದದ ಮೇಲೆ ಇಡಲು ಬೆರಳುಗಳೇ ಹೋರಾಡಬೇಕು. ಏಪ್ರಿಲ್ ಬಂತು. ನಮ್ಮ ಕರಾವಳಿಯ ಬೆವರು ನಿನಗೆ ಗೊತ್ತಲ್ಲ. ನಿಬ್ಬಿನ ಹಿಂದೆ ಬೆರಳು ಹಿಡಿಯುವ ಕಂಠ ನುಣುಪಾದ ಲೋಹದ್ದು, ಬೆರಳಿನಿಂದ ಜಾರುತ್ತಲೇ ಇತ್ತು. ಎರಡನೇ ವರ್ಷ ಕಂಠದ ಲೇಪ ಗುಳ್ಳೆ ಎದ್ದು ಕಿತ್ತುಬಂತು, ಒಳಗಿನ ಹಿತ್ತಾಳೆಗೆ ಕಿಲುಬು ಹಿಡಿದು ಬೆರಳ ತುದಿ ಹಸಿರಾಗುತ್ತಿತ್ತು. ಕಲಾಯಿ ಹೋದ ಪಾತ್ರೆಯಲ್ಲಿ ಹುಳಿ ಇಟ್ಟರೆ ಏನಾಗುತ್ತದೋ ಅದೇ ಇಲ್ಲೂ ಆದದ್ದು. ಶಾಯಿಯೂ ಬೆವರೂ ಲೋಹವನ್ನು ತಿನ್ನುತ್ತವೆ.

ಹಾಗಾಗಿ ಲೋಹದ ಪೆನ್ನು ನೋಡುವಾಗ ನಾನು ಮೊದಲು ನೋಡುವುದು ಬೆರಳು ಹಿಡಿಯುವ ಜಾಗ. ನಿನ್ನ ಪಟ್ಟಿಯಲ್ಲಿ ಆರನೆಯದಾಗಿ ಕೂತಿರುವ ಪೈಲಟ್ ಮೆಟ್ರೊಪಾಲಿಟನ್ನಿನ ಮೈ ಹಿತ್ತಾಳೆ, ಕಂಠ ಪ್ಲಾಸ್ಟಿಕ್. ಲ್ಯಾಮಿ ಆಲ್‌ಸ್ಟಾರಿನ ಮೈ ಅಲ್ಯೂಮಿನಿಯಂ, ಕಂಠ ಮತ್ತೆ ಪ್ಲಾಸ್ಟಿಕ್, ಮೂರು ಮೂಲೆಯ ಹಿಡಿತ ಬೇರೆ. ಇದು ದುಡ್ಡು ಉಳಿಸಲು ಮಾಡಿದ್ದು ಎಂದು ನೀನು ಬರೆದಿದ್ದೀಯ. ನನ್ನ ಪ್ರಕಾರ ಇದು ಬರೆಯುವ ಕೈಯನ್ನು ನೆನೆದು ಮಾಡಿದ ಕೆಲಸ. ಲೋಹದ ಗಟ್ಟಿತನ ಮೈಗಿರಲಿ, ಬೆವರುವ ಬೆರಳಿಗೆ ಬೇರೆ ವಸ್ತು ಇರಲಿ ಎಂದು. ನಿನ್ನ ಕೈ ನನ್ನ ಕೈಯಂತೆ ಬೆವರದಿದ್ದರೆ ನಿನ್ನ ಲೆಕ್ಕ ಬೇರೆಯೇ ಆಗಬಹುದು, ಅದನ್ನು ನೀನೇ ಹೇಳಬೇಕು. ನಿನ್ನ ಪಟ್ಟಿಯಲ್ಲಿ ಎಲ್ಲೂ ನಿನ್ನ ಕೈಯ ಸುದ್ದಿಯೇ ಇಲ್ಲ, ಬೇರೆಯವರು ಹೇಳಿದ್ದೇ ತುಂಬಿದೆ.

ಬಿಸಿಯ ವಿಚಾರವನ್ನು ಯಾರೂ ನಿನಗೆ ಹೇಳಿರಲಾರರು. ಅಜ್ಜಿ ಬೆಳ್ಳಿ ಲೋಟದಲ್ಲಿ ಬಿಸಿ ಹಾಲು ಕೊಟ್ಟಾಗ ತುಟಿ ಸುಟ್ಟುಕೊಂಡು ಅತ್ತಿದ್ದೆ, ನೆನಪಿದೆಯಾ? ಎಲ್ಲ ಲೋಹಗಳಲ್ಲಿ ಬಿಸಿಯನ್ನು ಅತಿ ಬೇಗ ಸಾಗಿಸುವುದು ಬೆಳ್ಳಿ. ಅಲ್ಯೂಮಿನಿಯಂ, ಹಿತ್ತಾಳೆ ಅದರ ಹಿಂದೆ. ಸ್ಟೀಲ್, ಟೈಟಾನಿಯಂ ಬಹಳ ನಿಧಾನ. ಪೆನ್ನಿನಲ್ಲೂ ಅದೇ ಲೆಕ್ಕ. ಕೈಯ ಬಿಸಿ ಒಳಗೆ ಹೋದರೆ ಶಾಯಿಯ ಮೇಲಿನ ಗಾಳಿ ಹಿಗ್ಗುತ್ತದೆ. ಹತ್ತು ಡಿಗ್ರಿ ಏರಿದರೆ ನೂರಕ್ಕೆ ಮೂರು ಪಾಲಿನಷ್ಟು. ಕಡಿಮೆ ಅನ್ನಿಸಬಹುದು, ಆದರೆ ಎರಡು ಮಿಲಿಲೀಟರ್ ಗಾಳಿ ಅಷ್ಟು ಹಿಗ್ಗಿದರೆ ಹೆಚ್ಚುಕಡಿಮೆ ಒಂದು ಹನಿ ಶಾಯಿ ಹೊರಬೀಳುತ್ತದೆ, ಅದೂ ನಕಲಿನ ಕೊನೆಯ ಸಾಲಿನ ಮೇಲೆ. ಹೊಟ್ಟೆಗೆ ನೇರ ಶಾಯಿ ಹುಯ್ಯುವ ರಾಜಮಂಡ್ರಿಯ ರತ್ನಂ ಪೆನ್ನಿನಂಥವು ಎಬೊನೈಟಿನವು; ಗಂಧಕ ಬೆರೆಸಿ ಗಟ್ಟಿ ಮಾಡಿದ ಆ ರಬ್ಬರ್ ಬಿಸಿಯನ್ನು ಬೇಗ ಒಳಗೆ ಬಿಡುವುದಿಲ್ಲ. ಲೋಹದ ಪೆನ್ನಿಗೆ ಶಾಯಿ ತುಂಬಿ ಬರುವ ಬಿಡಿ ಕೊಳವೆ ಕಾರ್ಟ್ರಿಡ್ಜೋ, ಶಾಯಿ ಹೀರಿಕೊಳ್ಳುವ ಕನ್ವರ್ಟರೋ ಇರಲಿ, ನೇರವಾಗಿ ಶಾಯಿ ತುಂಬುವ ಪ್ರಯೋಗ ಬೇಡ.

ನಿಬ್ಬಿನ ಬಂಗಾರದ ಬಗ್ಗೆ ಎರಡೇ ಮಾತು. ನಿನ್ನ ಅಮ್ಮನ ಬಳೆಯ ಮೇಲೆ 916 ಎಂದಿರುತ್ತದೆ, 22 ಕ್ಯಾರೆಟ್. ನಿಬ್ಬಿನ ಮೇಲೆ 585 ಇದ್ದರೆ 14 ಕ್ಯಾರೆಟ್, 750 ಇದ್ದರೆ 18. ಹಿಂದಿನ ಶಾಯಿಗಳ ಆಮ್ಲ ಆಗಿನ ಉಕ್ಕಿನ ನಿಬ್ಬನ್ನು ತಿಂದುಹಾಕುತ್ತಿತ್ತು, ಬಂಗಾರ ತಡೆದುಕೊಳ್ಳುತ್ತಿತ್ತು. ಅದಕ್ಕಾಗಿ ಬಂಗಾರ ಬಂದದ್ದು, ಒಡವೆಗಾಗಿ ಅಲ್ಲ. ಕಾಗದಕ್ಕೆ ತಾಗುವುದಂತೂ ಬಂಗಾರವೇ ಅಲ್ಲ, ತುದಿಗೆ ಬೆಸೆದ ಗಟ್ಟಿ ಮಿಶ್ರಲೋಹದ ಸಣ್ಣ ಗುಂಡು. ಸ್ಟೀಲ್ ನಿಬ್ಬಿಗೂ ಅದೇ ಗುಂಡು.

ರುಚಿಯ ಮಾತಿಗೆ ಬರುತ್ತೇನೆ. ನಿನ್ನ ಮಾವನಿಗೂ ನನಗೂ ಮೂವತ್ತು ವರ್ಷ ಇದೇ ಚರ್ಚೆ. ನನಗೆ ಸ್ಟೀಲ್ ಇಷ್ಟ. ಬೆವರಿಗೆ ಬಗ್ಗದು, ಮಳೆಗಾಲಕ್ಕೆ ಹೆದರದು, ಒರೆಸಿಟ್ಟರೆ ಹತ್ತು ವರ್ಷದ ಮೇಲೂ ಹಾಗೇ ಇರುತ್ತದೆ. ನಾನು ಕಣ್ಣಾರೆ ನೋಡಬೇಕು ಅಂದುಕೊಂಡು ಇವತ್ತಿಗೂ ನೋಡಲಾಗದ ಪೆನ್ನು ಪೈಲಟ್‌ನವರು 1971ರಲ್ಲಿ ಜಪಾನಿನಲ್ಲಿ ಮಾಡಿದ ಮ್ಯೂ 701. ಅದಕ್ಕೆ ಬೇರೆ ನಿಬ್ಬೇ ಇಲ್ಲ. ಸ್ಟೀಲಿನ ಕಂಠವೇ ಮುಂದಕ್ಕೆ ಚೂಪಾಗಿ ನಿಬ್ಬಾಗುತ್ತದೆ, ತೆಂಗಿನ ಮರದ ತುದಿಯಲ್ಲಿ ಸುಳಿ ಮೂಡಿದ ಹಾಗೆ. ಅದಕ್ಕೂ ಒಂದು ವರ್ಷ ಮೊದಲು ಪಾರ್ಕರ್‌ನವರು ಟಿ1 ಎಂದು ಟೈಟಾನಿಯಂನಲ್ಲಿ ಹೀಗೇ ನಿಬ್ಬು, ಕಂಠ ಒಂದೇ ಆದ ಪೆನ್ನು ತಂದಿದ್ದರು. ಟೈಟಾನಿಯಂ ಅಚ್ಚಿಗೆ ಬಗ್ಗುವ ಲೋಹವಲ್ಲ, ಕೊರೆಯಲೂ ಕಷ್ಟ. ಹೆಚ್ಚು ಕಾಲ ಮಾಡಲಾಗದೆ ನಿಲ್ಲಿಸಿಬಿಟ್ಟರು. ಸಂಗ್ರಹಿಸುವವರು ಈಗ ಅದಕ್ಕೆ ಸಿಕ್ಕಾಪಟ್ಟೆ ಬೆಲೆ ಕೊಡುತ್ತಾರೆ. ನನಗೆ ಅದರ ಮೇಲೆ ಆಸೆ ಇಲ್ಲ. ನಿಬ್ಬು ಕೆಟ್ಟರೆ ಇಡೀ ಕಂಠವೇ ಹೋಯಿತು ಎನ್ನುವ ಪೆನ್ನನ್ನು ನಾನು ನೋಡಿ ಸಂತೋಷಪಡುತ್ತೇನೆ, ಕೊಳ್ಳುವುದಿಲ್ಲ.

ಮಾವನದು ಬೆಳ್ಳಿಯ ಪಕ್ಷ. ಕುವೈತಿನಲ್ಲಿದ್ದ ಅವರ ಗೆಳೆಯರೊಬ್ಬರು ರಜೆಗೆ ಬಂದಾಗ ತಂದುಕೊಟ್ಟ ಪಾರ್ಕರ್ 75 ನೀನು ನೋಡಿದ್ದೀಯ, ಮೈತುಂಬ ಚೌಕಳಿ ಗೆರೆಯದು. ನೂರಕ್ಕೆ 92.5 ಪಾಲು ಬೆಳ್ಳಿ. 1960ರ ದಶಕದಲ್ಲಿ ಕಂಪನಿಗೆ 75 ತುಂಬಿದ ನೆನಪಿಗೆ ಬಂದ ಪೆನ್ನು ಅದು. ಅದರ ನಿಬ್ಬನ್ನು ಬರೆಯುವವರ ಕೈಯ ಓರೆಗೆ ತಕ್ಕಂತೆ ತಿರುಗಿಸಿಕೊಳ್ಳಬಹುದು. ತಿಂಗಳೊಪ್ಪತ್ತಿಗೆ ಕಪ್ಪಾಗುವ ಪೆನ್ನು ಯಾಕೆ ಎಂದು ನಾನು ಕೇಳುತ್ತಿದ್ದೆ. ನನ್ನ ಜೊತೆ ಅದಕ್ಕೂ ವಯಸ್ಸಾಗಲಿ ಬಿಡು ಎನ್ನುತ್ತಿದ್ದರು. ನನಗದು ಆಗ ಸೋಮಾರಿತನದ ಮಾತಾಗಿ ಕೇಳಿಸಿತ್ತು.

ಅವರು ಹೋದ ಮೇಲೆ ಪೆಟ್ಟಿಗೆ ತೆರೆದಾಗ ಪೆನ್ನು ಇಡೀ ಕಪ್ಪಾಗಿತ್ತು, ಎರಡು ಕಡೆ ಬಿಟ್ಟು. ಕ್ಯಾಪನ್ನು ಎಳೆಯಲು ಹಿಡಿಯುತ್ತಿದ್ದ ಕಡೆ, ಮತ್ತೆ ಹೆಬ್ಬೆರಳು ತೋರುಬೆರಳ ನಡುವಿನ ಮಡಿಕೆಗೆ ಮೈ ಒರಗುತ್ತಿದ್ದ ಕಡೆ. ಅಲ್ಲಿ ಮಾತ್ರ ಬೆಳ್ಳಿ ಬೆಳ್ಳಗಿತ್ತು. ವಿಭೂತಿ ಹಚ್ಚಿ ಉಜ್ಜಲು ಬಟ್ಟೆ ಕೈಗೆ ತೆಗೆದುಕೊಂಡಿದ್ದವಳು ಹಾಗೇ ಇಟ್ಟುಬಿಟ್ಟೆ. ನಾನು ಈಗಲೂ ಸ್ಟೀಲಿನಲ್ಲೇ ಬರೆಯುತ್ತೇನೆ. ಆದರೆ ಬೆಳ್ಳಿ ಬೇಕು ಅನ್ನುವವರಿಗೆ ಬೇಡ ಎನ್ನಲು ಆ ದಿನದಿಂದ ನನಗೆ ಬಾಯಿ ಬಂದಿಲ್ಲ.

ಆದ್ದರಿಂದ ನೀನು ಬೆಳ್ಳಿಯದನ್ನೇ ಕೊಳ್ಳಬೇಕೆಂದಿದ್ದರೆ ಕೊಳ್ಳು, ನನ್ನ ಅಡ್ಡಿಯಿಲ್ಲ. ಹಳೆಯದು ಸಿಕ್ಕರೆ ಕಂಠದ ಪ್ಲಾಸ್ಟಿಕ್ಕಿನಲ್ಲಿ ಕೂದಲು ಸೀಳಿನಂಥ ಬಿರುಕಿದೆಯಾ ಎಂದು ನೋಡು, ಕ್ಯಾಪಿನ ಅಂಚಿಗೆ ನೆಗ್ಗು ಬಿದ್ದಿದೆಯಾ ನೋಡು. ಚೌಕಳಿ ಗೆರೆಗಳ ತಳದಲ್ಲಿ ಕೂತಿರುವ ಕಪ್ಪನ್ನು ಕೀಳಬೇಡ. ಆ ಕಪ್ಪಿನಿಂದಲೇ ಚೌಕಳಿ ಎದ್ದು ಕಾಣುವುದು. ಎಬೊನೈಟ್ ಪೆನ್ನಿನ ಜೊತೆ ಒಂದೇ ಪೆಟ್ಟಿಗೆಯಲ್ಲಿ ಬೆಳ್ಳಿಯನ್ನು ಮುಚ್ಚಿಡಬೇಡ, ರಬ್ಬರ್ ಬ್ಯಾಂಡೂ ಸುತ್ತಬೇಡ. ಎರಡರಲ್ಲೂ ಗಂಧಕವಿದೆ, ಬೆಳ್ಳಿಯನ್ನು ಕಪ್ಪಾಗಿಸುವುದೂ ಗಂಧಕವೇ. ಹುಣಸೆಹುಳಿಯನ್ನು ಯಾವ ಪೆನ್ನಿನ ಹತ್ತಿರವೂ ತರಬೇಡ. ನಿನ್ನ ಹತ್ತಿರ ಇರುವ ಲೇಪವಿಲ್ಲದ ಹಿತ್ತಾಳೆಯ ಕಾವೆಕೊ ಸ್ಪೋರ್ಟ್ ಕಂದಾಗುತ್ತಿದೆ ಎಂದು ಚಿಂತೆ ಬೇಡ. ಆಗಲೆಂದೇ ಅದನ್ನು ಲೇಪವಿಲ್ಲದೆ ಮಾಡಿರುವುದು. ಕೈಗೆ ಹಿತ್ತಾಳೆಯ ವಾಸನೆ ಹತ್ತುತ್ತದೆ, ಅದು ಒಗ್ಗದಿದ್ದರೆ ಆ ಪೆನ್ನನ್ನು ಒಗ್ಗುವವರಿಗೆ ಕೊಟ್ಟುಬಿಡು.

ಆದರೆ ಕೊಳ್ಳುವ ಮುಂಚೆ ನನಗಾಗಿ ಒಂದು ಕೆಲಸ ಮಾಡು. ಏಳೂ ಪೆನ್ನುಗಳಿಗೆ ಒಂದೇ ಶಾಯಿ ತುಂಬಿ, ದಿನಕ್ಕೊಂದರಂತೆ ಎರಡೆರಡು ಪುಟ ಬರೆ, ಫ್ಯಾನ್ ಹಾಕದೆ. ಬರೆದದ್ದು ಏನಾದರೂ ಆಗಲಿ. ಪುಟದ ಕೆಳಗೆ ಬೆರಳಿಗೆ ಏನನ್ನಿಸಿತು ಎಂದು ಒಂದು ಸಾಲು ಬರೆದಿಡು. ಆಮೇಲೆ ಬೇಕಾದರೆ ಪಟ್ಟಿ ಮಾಡು. ನನ್ನ ರುಚಿಗೆ ಅದು ಹೊಂದದಿದ್ದರೂ ನನಗೆ ಸಂತೋಷವೇ.

ಇನ್ನೊಂದು. ಅಪ್ಪನ ಹೀರೋ ಪೆನ್ನನ್ನು ಲೆಕ್ಕಕ್ಕೇ ಸೇರಿಸಿಲ್ಲ ನೀನು. ಅದರ ನಿಬ್ಬು ಮುಸುಕಿನೊಳಗೆ ಅಡಗಿರುವುದನ್ನು ನೋಡು, ಲೋಹದ ಕ್ಯಾಪು ಎಳೆದರೆ ಬರುವುದನ್ನು ನೋಡು. ಅಜ್ಜನ 51ರ ಪಕ್ಕ ಇಟ್ಟರೆ ಶಾಂಘೈನಲ್ಲಿ ಹುಟ್ಟಿದ ಚಿಕ್ಕ ತಮ್ಮನ ಹಾಗೆ ಕಾಣುತ್ತದೆ. ನಮ್ಮೂರ ಎಷ್ಟೋ ಮನೆಗಳಲ್ಲಿ ಉಪನಯನಕ್ಕೆ, ಎಸ್ಸೆಸ್ಸೆಲ್ಸಿ ಪಾಸಾದದ್ದಕ್ಕೆ ಕೊಡುತ್ತಿದ್ದದ್ದೇ ಅದನ್ನು. ನಿನ್ನ ಶಾಲೆಯ ಫೀಸಿನ ಚಲನ್‌ಗಳನ್ನೆಲ್ಲ ಅಪ್ಪ ಬರೆದದ್ದು ಅದರಲ್ಲೇ.

ನವರಾತ್ರಿಗೆ ಬರುವಾಗ ಏಳೂ ಪೆನ್ನು ತಾ, ಅಜ್ಜನ 51 ತಾ, ಅಪ್ಪನ ಹೀರೋ ಕೂಡ ತಾ. ಅದು ತಡೆತಡೆದು ಬರೆಯುತ್ತದೆ ಎಂದು ಫೋನಿನಲ್ಲಿ ಹೇಳುತ್ತಿದ್ದ. ನಿಬ್ಬಿನ ಕೆಳಗಿನ ನಾಲಿಗೆಯಲ್ಲಿ ಹಳೇ ಶಾಯಿ ಗಟ್ಟಿಯಾಗಿರಬೇಕು. ಬಿಸಿನೀರು ತಾಗಿಸದೆ ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಿಡು. ಉಳಿದದ್ದನ್ನು ಇಲ್ಲಿ ಜಗಲಿಯ ಮೇಲೆ ಕೂತು ನೋಡೋಣ.

ಇಂತಿ ನಿನ್ನ
ಅತ್ತೆ